ಪಿಯಾನೋಟೆಕ್, ಅಡಿಕ್ಟಿವ್ ಕೀಸ್, ಸಾಲಮ್ಯಾಂಡರ್: ಶಿರಸಿಯ ಮಳೆ, ಹಳೆ ಲ್ಯಾಪ್‌ಟಾಪ್, ಮೂರು ಪಿಯಾನೋ

ಮೇಲೆ ಹೆಸರಿಸಿದ ಮೂರೂ ಕಂಪ್ಯೂಟರಿನಲ್ಲಿ ಪಿಯಾನೋ ಸದ್ದು ಕೊಡುವ ಸಾಫ್ಟ್‌ವೇರುಗಳು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪಿಯಾನೋಟೆಕ್‌ಗೆ. ನಾನು ದಿನಾ ತೆರೆಯುವ ಪಿಯಾನೋ ಅದೇ. ಅಡಿಕ್ಟಿವ್ ಕೀಸ್ ರೆಕಾರ್ಡಿಂಗಿಗೆ ಇದೆ, ಸಾಲಮ್ಯಾಂಡರನ್ನು ಕಲಿಯುವ ಮಕ್ಕಳಿಗೆ ಹಾಕಿಕೊಡುತ್ತೇನೆ. ನಾಲ್ಕನೆಯದು ಒಂದಿತ್ತು, ಎಲ್ಲಕ್ಕಿಂತ ಜಾಸ್ತಿ ದುಡ್ಡು ಕೊಟ್ಟು ತಂದಿದ್ದು. ಅದನ್ನು ಡಿಸ್ಕಿನಿಂದಲೇ ತೆಗೆದುಹಾಕಿದೆ. ಅದರ ಕತೆಯೇ ಇಲ್ಲಿ ಉದ್ದ.

ನನ್ನ ಕೆಲಸ ಎಂಥದ್ದು ಅಂತ ಗೊತ್ತಿದ್ದರೆ ಉಳಿದದ್ದು ಅರ್ಥವಾಗುತ್ತದೆ. ಮನೆ ಶಿರಸಿ. ಭಾವಗೀತೆ, ಭಕ್ತಿಗೀತೆಗೆ ಟ್ರ್ಯಾಕ್ ಮಾಡುತ್ತೇನೆ, ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಡಿಸೆಂಬರ್ ಬಂದರೆ ಕಾರವಾರದ ಕಡೆ ಕ್ರಿಸ್ಮಸ್ ಹಾಡಿನ ಗುಂಪಿನ ಜೊತೆಗೂ ಕೂರುತ್ತೇನೆ. ಲ್ಯಾಪ್‌ಟಾಪ್ ಹಳೆಯದು, 8 ಜಿಬಿ ರ‍್ಯಾಮ್, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ನಿಜವಾದ ಪಿಯಾನೋ ಇಡುವ ಆಸೆ ಯಾರಿಗಿರುವುದಿಲ್ಲ? ಆದರೆ ನಮ್ಮ ಮಳೆಗಾಲದ ಥಂಡಿಗೆ ಮರ ಉಬ್ಬಿ ಕೀಗಳು ಸಿಕ್ಕಿಕೊಳ್ಳುತ್ತವೆ, ಘಟ್ಟ ಇಳಿದರೆ ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತದೆ. ಹಾಗಾಗಿ ಸಾಫ್ಟ್‌ವೇರೇ ಗತಿ.

ಈಗ ಆ ನಾಲ್ಕನೆಯದು, ಒಂದು ದೊಡ್ಡ ಸ್ಯಾಂಪಲ್ ಲೈಬ್ರರಿ, ಅಂದರೆ ನಿಜವಾದ ಪಿಯಾನೋದ ಒಂದೊಂದು ಸ್ವರವನ್ನೂ ರೆಕಾರ್ಡ್ ಮಾಡಿಟ್ಟ ಫೈಲುಗಳ ರಾಶಿ. ಹೆಸರು ಬೇಡ. ಡೆಮೊ ಕೇಳಿದರೆ ಮೈ ಜುಂ ಎನ್ನುತ್ತದೆ, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಶುರುವಾಗಿದ್ದು ದುಡ್ಡು ಕಟ್ಟಿದ ಮೇಲೆ. ಹತ್ತಾರು ಜಿಬಿ ಇಳಿಸಿಕೊಳ್ಳಬೇಕು, ಅದೂ ಅವರದೇ ಒಂದು ಆ್ಯಪ್ ಮೂಲಕ. ಆ ಆ್ಯಪ್ ಫೈಲನ್ನು ದೊಡ್ಡ ದೊಡ್ಡ ತುಂಡು ಮಾಡಿ ತರುತ್ತದೆ, ನಡುವೆ ನೆಟ್ ಕಡಿದರೆ ಆ ತುಂಡು ಮತ್ತೆ ಸೊನ್ನೆಯಿಂದ ಶುರು. ಜುಲೈ ತಿಂಗಳು. ಎಲ್ಲೋ ಲೈನ್ ಮೇಲೆ ಕೊಂಬೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಮೋಡೆಮ್ಮನ್ನು ಇನ್ವರ್ಟರಿಗೆ ಹಾಕಿಟ್ಟಿದ್ದರೂ ಫೈಬರ್ ಆ ಕಡೆಯಿಂದಲೇ ಸತ್ತಿರುತ್ತದೆ. ರಾತ್ರಿ ಹಚ್ಚಿಟ್ಟು ಮಲಗಿ ಬೆಳಿಗ್ಗೆ ಎದ್ದು ನೋಡಿದರೆ ಪಟ್ಟಿ ನಿನ್ನೆ ಇದ್ದಲ್ಲೇ ಇದೆ. ಕಂಪನಿಗೆ ಬರೆದರೆ ‘ನಿಮ್ಮ ಇಂಟರ್ನೆಟ್ ಪರೀಕ್ಷಿಸಿ’ ಅಂತ ಉತ್ತರ. ಕೊನೆಗೆ ಹುಬ್ಬಳ್ಳಿಯಲ್ಲಿರುವ ಗೆಳೆಯನ ಮನೆಯಲ್ಲಿ ಇಳಿಸಿ ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ತಂದಾಯ್ತು, ಆದರೆ ಆ್ಯಪ್ ಆ ಫೋಲ್ಡರನ್ನು ಗುರುತು ಹಿಡಿಯಲಿಲ್ಲ, ಅದಕ್ಕೆ ಒಪ್ಪಿಸುವುದರಲ್ಲಿ ಇನ್ನೊಂದು ಸುತ್ತು.

ಅಷ್ಟೆಲ್ಲ ಆಗಿ ನುಡಿಸಲು ಕೂತರೆ, ಪೆಡಲ್ ಒತ್ತಿ ಕೆಳಗಿನಿಂದ ಮೇಲಕ್ಕೆ ಒಂದು ಓಟ ಓಡಿಸಿದ ತಕ್ಷಣ ಚಟಪಟ ಸದ್ದು. ಇಂಥ ಲೈಬ್ರರಿಗಳು ಪ್ರತಿ ಸ್ವರದ ಶುರುವಿನ ತುಣುಕನ್ನು ಮಾತ್ರ ರ‍್ಯಾಮಿನಲ್ಲಿ ಇಟ್ಟುಕೊಂಡಿರುತ್ತವೆ, ಉಳಿದದ್ದನ್ನು ನುಡಿಸುತ್ತಿರುವಾಗಲೇ ಡಿಸ್ಕಿನಿಂದ ಎಳೆಯುತ್ತವೆ. ಪೆಡಲ್ ಹಿಡಿದರೆ ಹಳೆಯ ಸ್ವರಗಳು ನಿಲ್ಲುವುದಿಲ್ಲ, ಹೊಸವು ಬರುತ್ತಲೇ ಇರುತ್ತವೆ, ತಿರುಗುವ ಡಿಸ್ಕಿಗೆ ಅಷ್ಟು ಕಡೆ ಓಡಾಡಲು ಆಗುವುದಿಲ್ಲ. ಎಸ್‌ಎಸ್‌ಡಿ ಹಾಕಿದರೆ ಇದು ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಲೆಕ್ಕ ಮುಗಿದಿದ್ದು ಬೇರೆ ಕಡೆ. ಸಿದ್ದಾಪುರದ ಒಳಗಿನ ಒಂದು ಊರಲ್ಲಿ ಕಾರ್ಯಕ್ರಮ, ಫೋನಿಗೆ ಒಂದು ಕಡ್ಡಿ ಸಿಗ್ನಲ್ ಕೂಡ ಇಲ್ಲ. ತೆರೆದರೆ ‘ಲಾಗಿನ್ ಆಗಿ’ ಅಂತ ಕೇಳಿತು. ಗಾಯಕಿ ತಂಬೂರಿ ಆ್ಯಪ್ ಹಚ್ಚಿ ಕಾಯುತ್ತಿದ್ದಾರೆ, ತಬಲಾದವರು ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡುತ್ತಿದ್ದಾರೆ, ಇಲ್ಲಿ ಪರದೆ ಮೇಲೆ ಪಾಸ್‌ವರ್ಡ್ ಪೆಟ್ಟಿಗೆ. ಅವತ್ತು ಕೀಬೋರ್ಡಿನ ಒಳಗೇ ಇದ್ದ ಪಿಯಾನೋ ಸದ್ದಿನಲ್ಲಿ ನುಡಿಸಿದೆ. ದುಡ್ಡು ಕೊಟ್ಟು ತಂದ ವಾದ್ಯ ವೇದಿಕೆ ಮೇಲೆ ಹೀಗೆ ಕೈಕೊಟ್ಟರೆ ಅದನ್ನು ಇನ್ನೊಂದು ಸಲ ನಂಬುವುದು ಹೇಗೆ?

ಇವು ಯಾಕೆ ಇಷ್ಟು ದಪ್ಪ ಇರುತ್ತವೆ ಅಂತ ಕೇಳಿದವರಿಗೆ ಒಂದು ಲೆಕ್ಕ. 88 ಕೀ, ಒಂದೊಂದನ್ನೂ ಮೆತ್ತಗಿನಿಂದ ಜೋರಿನವರೆಗೆ 16 ಹಂತದಲ್ಲಿ ರೆಕಾರ್ಡ್ ಮಾಡಿದರೆ 1408 ರೆಕಾರ್ಡಿಂಗ್. ಒಂದೊಂದು 20 ಸೆಕೆಂಡ್ ಅಂತ ಹಿಡಿಯಿರಿ. 24 ಬಿಟ್, 44.1 ಕಿಲೋಹರ್ಟ್ಸ್, ಸ್ಟೀರಿಯೋದಲ್ಲಿ ಅದೇ ಸುಮಾರು ಏಳೂವರೆ ಜಿಬಿ ಆಗುತ್ತದೆ. ಪೆಡಲ್ ಒತ್ತಿ ಒಂದು ಸಲ, ಬಿಟ್ಟು ಒಂದು ಸಲ, ಅದನ್ನು ನಾಲ್ಕು ಜಾಗದ ಮೈಕಿನಲ್ಲಿ ಅಂದರೆ 60 ಜಿಬಿ. ಸ್ಪೆಕ್ಟ್ರಾಸಾನಿಕ್ಸ್‌ನ ಕೀಸ್ಕೇಪ್ 77 ಜಿಬಿ ಇರುವುದು ಅತಿಶಯವೇನಲ್ಲ, ಅದರಲ್ಲಿ ಪಿಯಾನೋ ಒಂದೇ ಅಲ್ಲ, ಬೇರೆ ಕೀಬೋರ್ಡುಗಳೂ ರಾಶಿ ಇವೆ.

ಪಿಯಾನೋಟೆಕ್ ಇಳಿಸಿಕೊಳ್ಳಲು ಬೇಕಾಗಿದ್ದು 50 ಎಂಬಿ ಆಸುಪಾಸು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ, ಚಹಾ ಆರುವುದರೊಳಗೆ ಬಂತು. ಇದರಲ್ಲಿ ರೆಕಾರ್ಡ್ ಮಾಡಿಟ್ಟ ಸದ್ದೇ ಇಲ್ಲ. ಫ್ರಾನ್ಸಿನ ಟುಲೂಸ್‌ನ ಮೋಡಾರ್ಟ್ ಕಂಪನಿ 2006ರಲ್ಲಿ ಇದನ್ನು ಮೊದಲು ಬಿಟ್ಟಿತು. ಸುತ್ತಿಗೆ ತಂತಿಗೆ ಎಷ್ಟು ಜೋರಾಗಿ ಬಡಿಯಿತು, ತಂತಿ ಹೇಗೆ ಕಂಪಿಸಿತು, ಹಲಗೆ ಹೇಗೆ ಮೊಳಗಿತು ಅನ್ನುವುದನ್ನೆಲ್ಲ ಗಣಿತದಲ್ಲಿ ಆ ಕ್ಷಣಕ್ಕೇ ಲೆಕ್ಕ ಹಾಕಿ ಸದ್ದು ಹೊರಡಿಸುತ್ತದೆ. ಡಿಸ್ಕಿಗೆ ಕೆಲಸ ಇಲ್ಲ, ಪ್ರೊಸೆಸರಿಗೆ ಕೆಲಸ. ಕಾರ್ಯಕ್ರಮದ ನಡುವೆ ಕರೆಂಟ್ ಹೋಗಿ ಎಲ್ಲ ಮತ್ತೆ ಶುರು ಮಾಡಬೇಕಾಗಿ ಬಂದರೂ ಇದು ಲೋಡ್ ಆಗುವುದನ್ನು ಕಾಯುತ್ತಾ ಕೂರಬೇಕಾಗಿಲ್ಲ.

ಇದರಲ್ಲಿ ನನ್ನನ್ನು ಹಿಡಿದಿಟ್ಟಿದ್ದು ಮಾತ್ರ ಶ್ರುತಿ. ನಮ್ಮ ಕಡೆ ಹಾರ್ಮೋನಿಯಂ ಇಲ್ಲದ ಕಾರ್ಯಕ್ರಮ ಕಡಿಮೆ. ಗಾಯಕರು ‘ಕಪ್ಪು ಎರಡು’ ಅಂತಾರೆ, ನೀವು ಟ್ರಾನ್ಸ್‌ಪೋಸ್ ಮಾಡಿಕೊಳ್ಳುತ್ತೀರಿ, ಆದರೂ ಹಾರ್ಮೋನಿಯಂ ಜೊತೆ ಒಂದು ಸ್ವರ ಹಿಡಿದರೆ ಅಲೆ ಅಲೆಯಾಗಿ ಕೇಳುತ್ತದೆ. ಯಾಕಂದರೆ ಹಳೆಯ ಪೇಟಿಯ ರೀಡು ಶ್ರುತಿ ಕೂರಿಸುವ ಮಾಮೂಲಿ ಅಳತೆಯಾದ 440 ಹರ್ಟ್ಸ್‌ಗೆ ಕೂತಿರುವುದಿಲ್ಲ, ಸ್ವಲ್ಪ ಮೇಲೆ ಅಥವಾ ಕೆಳಗೆ ಇರುತ್ತದೆ. ವೇದಿಕೆ ಮೇಲೆ ರೀಡು ಕೆರೆಯಲು ಆಗುತ್ತದೆಯೇ? ನಾವೇ ಅದರ ಹತ್ತಿರ ಹೋಗಬೇಕು. ಪಿಯಾನೋಟೆಕ್‌ನಲ್ಲಿ ಆ 440 ಅನ್ನುವ ಅಂಕಿಯನ್ನೇ ಬದಲಿಸಬಹುದು. ಹಾರ್ಮೋನಿಯಂನವರಿಗೆ ಒಂದು ‘ಸಾ’ ಹಿಡಿಯಲು ಹೇಳುತ್ತೇನೆ, ನಾನೂ ಅದೇ ಸ್ವರ ಒತ್ತಿಕೊಂಡು 441, 442 ಅಂತ ಏರಿಸುತ್ತೇನೆ, ಅಲೆ ನಿಧಾನವಾಗುತ್ತಾ ಬಂದು ಒಂದು ಕಡೆ ನಿಂತುಬಿಡುತ್ತದೆ. ಎರಡೂ ವಾದ್ಯ ಒಂದೇ ಉಸಿರಲ್ಲಿ ಕೂತ ಹಾಗೆ ಕೇಳುತ್ತದೆ, ಗಾಯಕರ ಮುಖದಲ್ಲೇ ಅದು ಗೊತ್ತಾಗುತ್ತದೆ. ಸ್ಯಾಂಪಲ್ ಪ್ಲೇಯರುಗಳಲ್ಲೂ ಟ್ಯೂನ್ ಮಾಡುವ ಗುಂಡಿ ಇರುತ್ತದೆ, ಆದರೆ ಹೆಚ್ಚಿನವು ಸೆಂಟ್ (ಪಕ್ಕಪಕ್ಕದ ಎರಡು ಕೀಗಳ ಅಂತರದ ನೂರನೇ ಒಂದು ಪಾಲು) ಲೆಕ್ಕದಲ್ಲಿ. ನನಗೆ ಹರ್ಟ್ಸೇ ಸಲೀಸು.

ಪೆಡಲ್ ಬಗ್ಗೆಯೂ ಹೇಳಬೇಕು. ಕಡಿಮೆ ಬೆಲೆಯ ಪೆಡಲ್ ಅಂದರೆ ಸ್ವಿಚ್ ಅಷ್ಟೇ, 0 ಇಲ್ಲವೇ 127 ಕಳಿಸುತ್ತದೆ. ನಡುವಿನ ಅಂಕಿಗಳನ್ನೂ ಕಳಿಸುವ ಪೆಡಲ್ ಇದ್ದರೆ, ನಿಮ್ಮ ಕೀಬೋರ್ಡ್ ಅದನ್ನು ಒಪ್ಪಿದರೆ, ಪಿಯಾನೋಟೆಕ್ ಅರ್ಧ ಪೆಡಲನ್ನು ಚೆನ್ನಾಗಿ ತೋರಿಸುತ್ತದೆ. ಭಾವಗೀತೆಯ ನಿಧಾನದ ಸಾಲುಗಳಲ್ಲಿ ಸ್ವರಗಳು ಕಲಸಿಹೋಗದೆ, ಪೂರ್ತಿ ಒಣಗದೆ ಉಳಿಯುವುದು ಇದರಿಂದ.

ಕೊರತೆ ಇಲ್ಲವೇ? ಇದೆ. ಒಂಟಿ ಪಿಯಾನೋ ರೆಕಾರ್ಡ್ ಮಾಡಿ ಹೆಡ್‌ಫೋನಿನಲ್ಲಿ ಕೇಳಿದರೆ ನಡು ಸಪ್ತಕದಲ್ಲಿ ಸ್ವಲ್ಪ ಗಾಜಿನ ಸದ್ದು ಬರುತ್ತದೆ, ಮರದ ಬಿಸಿ ಕಡಿಮೆ. ತಬಲಾ, ಕೊಳಲಿನ ಜೊತೆ ಸೇರಿದರೆ ಅದು ಯಾರಿಗೂ ಗೊತ್ತಾಗುವುದಿಲ್ಲ. ಹಳೆ ಲ್ಯಾಪ್‌ಟಾಪಿನಲ್ಲಿ ಇದೂ ಚಟಪಟ ಅನ್ನಬಹುದು. ವಿಂಡೋಸಿನ ಪವರ್ ಸೆಟ್ಟಿಂಗನ್ನು ಹೈ ಪರ್ಫಾರ್ಮೆನ್ಸ್‌ಗೆ ಹಾಕಿ, ಪಿಯಾನೋಟೆಕ್ ಒಳಗೆ ಪಾಲಿಫೋನಿ (ಒಟ್ಟಿಗೆ ಮೊಳಗುವ ಸ್ವರಗಳ ಸಂಖ್ಯೆ) ಇಳಿಸಿ. ಬಫರ್, ಅಂದರೆ ಸದ್ದನ್ನು ಒಂದೊಂದು ಸಲಕ್ಕೆ ಲೆಕ್ಕ ಹಾಕಿಡುವ ತುಣುಕು, 512 ಇಟ್ಟರೆ ಚಟಪಟ ಕಡಿಮೆ, ಆದರೆ ಅದೊಂದರಲ್ಲೇ ಸುಮಾರು 11.6 ಮಿಲಿಸೆಕೆಂಡ್ ತಡ, ಬೆರಳಿಗೆ ಕಿರಿಕಿರಿ. 128ಕ್ಕೆ ಇಳಿಸಿದರೆ 2.9, ಆರಾಮ. ನಾನು 128ರಲ್ಲೇ ನುಡಿಸುತ್ತೇನೆ.

ಅಡಿಕ್ಟಿವ್ ಕೀಸ್ ನನಗೆ ಫೋಕಸ್‌ರೈಟ್ ಸ್ಕಾರ್ಲೆಟ್ ಸೌಂಡ್ ಕಾರ್ಡಿನ ಜೊತೆ ಬಂತು. ಸ್ಟುಡಿಯೋ ಗ್ರ್ಯಾಂಡ್ ಆರಿಸಿಕೊಂಡೆ, ಅದು ಸ್ಟೈನ್‌ವೇ ಡಿ ಪಿಯಾನೋದ ಸ್ಯಾಂಪಲ್. ಟ್ರ್ಯಾಕಿನಲ್ಲಿ ಹಾಕಿದ ಕೂಡಲೇ ಕೂತುಕೊಳ್ಳುತ್ತದೆ, ಈಕ್ಯೂ (ದನಿಯ ಏರಿಳಿತ ತಿದ್ದುವ ಗುಂಡಿಗಳು) ಮುಟ್ಟುವ ಕೆಲಸ ಕಡಿಮೆ. ನೀವು ಬರೀ ಟ್ರ್ಯಾಕ್ ಮಾಡುವವರಾದರೆ, ಸೌಂಡ್ ಕಾರ್ಡ್ ಹೇಗೂ ಕೊಳ್ಳುವುದಿದ್ದರೆ, ಪೆಟ್ಟಿಗೆ ಜೊತೆ ಏನು ಬರುತ್ತದೆ ಅಂತ ನೋಡಿಕೊಳ್ಳಿ. ಬೇರೆ ಪಿಯಾನೋ ಬೇಡವೇ ಬೇಡ ಅನ್ನಿಸಬಹುದು.

ಸಾಲಮ್ಯಾಂಡರ್ ಪೂರ್ತಿ ಉಚಿತ. ಯಮಾಹಾ ಸಿ5 ಗ್ರ್ಯಾಂಡ್ ಪಿಯಾನೋದ ಸ್ಯಾಂಪಲ್, ಮೆತ್ತಗಿನಿಂದ ಜೋರಿನವರೆಗೆ 16 ಹಂತ. ಪ್ರತಿ ಕೀಯನ್ನೂ ರೆಕಾರ್ಡ್ ಮಾಡಿಲ್ಲ, ಮೂರು ಕೀಗೊಂದು ಅಂತ ಮಾಡಿ ಉಳಿದದ್ದನ್ನು ಅದರಿಂದಲೇ ಹಿಗ್ಗಿಸಿದ್ದಾರೆ. ಕಿವಿಯಿಟ್ಟು ಕೇಳಿದರೆ ಪಕ್ಕಪಕ್ಕದ ಕೀಗಳಲ್ಲಿ ಒಂದೇ ದನಿ ಗೊತ್ತಾಗುತ್ತದೆ. ಎಸ್‌ಎಫ್‌ಝಡ್ ಫೈಲು ತೆರೆಯುವ ಪ್ಲೇಯರ್ ಬೇಕು, ಪ್ಲೋಗ್ ಕಂಪನಿಯ ಸ್ಫೋರ್ಝಾಂಡೊ ಸಾಕು, ಅದೂ ಉಚಿತ. ಕಲಿಯುವ ಮಕ್ಕಳಿಗೆ, ದುಡ್ಡು ಹಾಕುವ ಮೊದಲು ನೋಡುವವರಿಗೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ.

ಊರು ಊರು ತಿರುಗಿ ನುಡಿಸುವವರು, ನೆಟ್ ನೆಚ್ಚಿಕೊಳ್ಳಲಾಗದವರು ಪಿಯಾನೋಟೆಕ್ ತಗೊಳ್ಳಿ. ಸ್ಟೇಜ್, ಸ್ಟ್ಯಾಂಡರ್ಡ್, ಪ್ರೊ ಅಂತ ಇದೆ, ಬರೀ ನುಡಿಸುವವರು ಸ್ಟೇಜಿನಿಂದ ಶುರು ಮಾಡಬಹುದು. ಬೆಂಗಳೂರಿನಲ್ಲಿ ಕೂತು, ಒಳ್ಳೆಯ ನೆಟ್ಟು, 1 ಟಿಬಿ ಎಸ್‌ಎಸ್‌ಡಿ ಇಟ್ಟುಕೊಂಡು ಒಂಟಿ ಪಿಯಾನೋ ಆಲ್ಬಂ ಮಾಡುವವರಿಗೆ ನನ್ನ ಮಾತು ಹೊಂದುವುದಿಲ್ಲ, ಅವರಿಗೆ ದೊಡ್ಡ ಸ್ಯಾಂಪಲ್ ಲೈಬ್ರರಿಯೇ ಸರಿ. ಪಿಯಾನೋಟೆಕ್ ಕೊಳ್ಳುವ ಮೊದಲು ಅದರ ಡೆಮೊ ಹಾಕಿ. ಅದರಲ್ಲಿ ಕೆಲವು ಕೀ ಸದ್ದು ಮಾಡುವುದಿಲ್ಲ, 20 ನಿಮಿಷಕ್ಕೆ ನಿಲ್ಲುತ್ತದೆ, ಕೀಬೋರ್ಡ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಿಮ್ಮ ಗುಂಪಿನ ಹಾರ್ಮೋನಿಯಂ ಪಕ್ಕದಲ್ಲೇ ಕೂತು ನೋಡಿ. ಬೆಲೆ ಯೂರೋದಲ್ಲಿರುತ್ತದೆ, ಕಾರ್ಡಿನಲ್ಲಿ ವಿದೇಶಿ ವಹಿವಾಟು ಆನ್ ಮಾಡಿಕೊಂಡೇ ಕೂತುಕೊಳ್ಳಿ.