ಸೊಂಟದ ಡಿಸ್ಕ್‌ಗೆ ಮಾತ್ರೆ, ಎಣ್ಣೆ, ವ್ಯಾಯಾಮ, ಇಂಜೆಕ್ಷನ್: ನನಗೆ ಯಾವುದು ಎಷ್ಟು ಉಪಯೋಗಕ್ಕೆ ಬಂತು

ತುಂಬಿದ ಗ್ಯಾಸ್ ಸಿಲಿಂಡರು ಸುಮಾರು ಮೂವತ್ತು ಕೆ.ಜಿ. ಇರುತ್ತೆ. ಬಗ್ಗಿಕೊಂಡೇ ಎತ್ತಿ ಪಕ್ಕಕ್ಕೆ ತಿರುಗಿದೆ, ಸೊಂಟ ಹಿಡಿದುಕೊಂಡಿತು. ಮೂರನೇ ದಿನ ನೋವು ಎಡಗಾಲಿಗೆ ಇಳಿಯಿತು. ಸೀನಿದರೆ ಮೀನಖಂಡದವರೆಗೆ ಕರೆಂಟ್ ಹೊಡೆದ ಹಾಗೆ. ಪಾದದ ಕಿರುಬೆರಳಿನ ಕಡೆ ಜೋಮು. ಎಲ್‌5-ಎಸ್‌1 ಡಿಸ್ಕ್, ಅಂದರೆ ಸೊಂಟದ ತೀರಾ ಕೆಳಗಿನ ಮೂಳೆಗಳ ನಡುವಿನ ಮೆತ್ತೆ, ಚಾಚಿಕೊಂಡು ನರ ಒತ್ತುತ್ತಿದೆ ಅಂತ ಎಂಆರ್‌ಐ ವರದಿ ಬಂತು.

ಡಿಸ್ಕ್ ಜಾರಿದೆ ಅನ್ನುತ್ತೇವೆ, ಆದರೆ ಅದು ಎಲ್ಲಿಗೂ ಜಾರುವುದಿಲ್ಲ. ಹೋಳಿಗೆ ಲಟ್ಟಿಸುವಾಗ ಕಣಕ ಹರಿದು ಹೂರಣ ಹೊರಗೆ ಬರುತ್ತಲ್ಲ, ಹಾಗೆ. ಹೊರಗಿನ ಗಟ್ಟಿ ಪದರ ಬಿರಿದು ಒಳಗಿನ ಮೆತ್ತನೆಯ ಭಾಗ ಆಚೆ ಬರುತ್ತದೆ. ನರವನ್ನು ಒತ್ತುವುದಲ್ಲದೆ, ಸುತ್ತ ಉರಿಯೂತವನ್ನೂ ಎಬ್ಬಿಸುತ್ತದೆ. ಒತ್ತಡ ಬೇರೆ, ಉರಿಯೂತ ಬೇರೆ ಅನ್ನುವುದು ಗೊತ್ತಾದ ಮೇಲೆ ಯಾವ ಚಿಕಿತ್ಸೆ ಎಲ್ಲಿಗೆ ಕೆಲಸ ಮಾಡುತ್ತದೆ ಎಂದು ನನಗೆ ಅರ್ಥವಾಗತೊಡಗಿತು.

ಮೊದಲು ಮಾಡಿದ್ದು ಮಾತ್ರೆ ನುಂಗಿ ಮಲಗುವುದು. ಎರಡು ವಾರ ಮಲಗಿದೆ. ದೊಡ್ಡ ತಪ್ಪು. ಎದ್ದಾಗ ನೋವು ಅಷ್ಟೇ ಇತ್ತು, ಕಾಲಲ್ಲಿ ಶಕ್ತಿ ಮಾತ್ರ ಕಮ್ಮಿ ಆಗಿತ್ತು. ಒಂದೆರಡು ದಿನಕ್ಕಿಂತ ಜಾಸ್ತಿ ಮಲಗಬೇಡಿ ಅಂತ ಡಾಕ್ಟರು ಆಮೇಲೆ ಹೇಳಿದರು. ನೋವಿನ ಮಾತ್ರೆ ರಾತ್ರಿ ನಿದ್ದೆಗೆ ಸಹಾಯ ಮಾಡಿತು, ಹೊಟ್ಟೆಯಲ್ಲಿ ಉರಿಯನ್ನೂ ಕೊಟ್ಟಿತು. ನರದ ನೋವಿಗೆಂದು ಕೊಟ್ಟ ಪ್ರಿಗ್ಯಾಬಲಿನ್‌ನಿಂದ ನನಗೆ ಸಿಕ್ಕಿದ್ದು ತೂಕಡಿಕೆ ಒಂದೇ. 2017ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ಕಾಲುನೋವಿನವರ ಮೇಲೆ ಅದನ್ನು ಪರೀಕ್ಷಿಸಿದಾಗ, ಔಷಧವಿಲ್ಲದ ಹುಸಿ ಮಾತ್ರೆಗಿಂತ ಅದು ಮೇಲು ಅಂತ ಕಾಣಲಿಲ್ಲ. ಓದಿ ಸಮಾಧಾನವಾಯಿತು, ನನ್ನೊಬ್ಬನ ಕಥೆಯಲ್ಲ ಅಂತ.

ಆಮೇಲೆ ಕಟಿ ಬಸ್ತಿ. ಸೊಂಟದ ಮೇಲೆ ಉದ್ದಿನ ಹಿಟ್ಟಿನ ಕಟ್ಟೆ ಕಟ್ಟಿ ಬೆಚ್ಚಗಿನ ಎಣ್ಣೆ ತುಂಬುತ್ತಾರೆ. ಆರಿದಂತೆಲ್ಲ ಬದಲಿಸುತ್ತಾರೆ. ಅರ್ಧ ಗಂಟೆ, ಏಳು ದಿನ. ಸುಖವಾದ ಚಿಕಿತ್ಸೆ, ಸುಳ್ಳು ಹೇಳಲಾರೆ. ಕಲ್ಲಿನ ಹಾಗಾಗಿದ್ದ ಸೊಂಟ ಸಡಿಲವಾಯಿತು. ಆದರೆ ಕಾಲಿನ ನೋವು ಒಂದು ಗೆರೆಯಷ್ಟೂ ಕದಲಲಿಲ್ಲ. ಆಯುರ್ವೇದದಲ್ಲಿ ಈ ಕಾಲುನೋವಿಗೆ ಗೃಧ್ರಸಿ ಅಂತ ಹೆಸರು, ರಣಹದ್ದಿನ ನಡಿಗೆಯಿಂದ ಬಂದದ್ದು. ನನ್ನ ನಡಿಗೆಗೆ ಅದಕ್ಕಿಂತ ಸರಿಯಾದ ಹೆಸರು ಯಾರೂ ಇಡಲಿಲ್ಲ!

ಫಿಸಿಯೋದಲ್ಲಿ ಎರಡು ಥರ ಕಂಡೆ. ಮೊದಲು ಹೋದ ಕಡೆ ಹತ್ತು ದಿನ ಸೊಂಟ ಎಳೆಯುವ ಟ್ರಾಕ್ಷನ್‌ಗೆ ಕಟ್ಟಿದರು, ಮೆಷಿನ್ ಅಂಟಿಸಿದರು, ದುಡ್ಡು ತಗೊಂಡರು. ಯಾರೂ ನನ್ನ ಕಾಲು ಎತ್ತಿ ಕೂಡ ನೋಡಲಿಲ್ಲ. ಎರಡನೇ ಕಡೆ ಒಬ್ಬ ಮೇಡಂ ಅಂಗಾತ ಮಲಗಿಸಿ ನನ್ನ ಕಾಲನ್ನು ನೇರವಾಗಿ ಎತ್ತಿದರು. ನಲವತ್ತು ಡಿಗ್ರಿಗೇ ಕೂಗಿಕೊಂಡೆ. ಆಮೇಲೆ ಬೋರಲು ಮಲಗಿಸಿ, ಮೊಣಕೈ ಊರಿಸಿ, ನಾಲ್ಕು ದಿನ ಬಿಟ್ಟು ಭುಜಂಗಾಸನದ ಹಾಗೆ ಎದೆ ಎತ್ತಿಸಿದರು. ಪ್ರತಿ ಎರಡು ಮೂರು ಗಂಟೆಗೆ ಹತ್ತು ಸಲ. "ಸೊಂಟದಲ್ಲಿ ನೋವು ಜಾಸ್ತಿ ಆದರೂ ಪರವಾಗಿಲ್ಲ, ಮೀನಖಂಡದಿಂದ ತೊಡೆಗೆ ಹತ್ತಿದರೆ ಒಳ್ಳೇದು. ಕೆಳಗಿಳಿದರೆ ನಿಲ್ಲಿಸಿ" ಅಂದರು. ನ್ಯೂಜಿಲೆಂಡಿನ ಫಿಸಿಯೋಥೆರಪಿಸ್ಟ್ ರಾಬಿನ್ ಮೆಕೆಂಜಿ ಬೆಳೆಸಿದ ವಿಧಾನವಂತೆ. 1956ರಲ್ಲಿ ಅವರ ರೋಗಿಯೊಬ್ಬ ತಲೆಯ ಕಡೆ ಎತ್ತಿಟ್ಟಿದ್ದ ಮೇಜಿನ ಮೇಲೆ ಹಾಗೇ ಬೋರಲು ಮಲಗಿಬಿಟ್ಟ, ಕಾಲುನೋವು ಹೋಯಿತು, ಅಲ್ಲಿಂದ ಶುರು. ಇಷ್ಟು ದಿನ ನಾನು ಮಾಡುತ್ತಿದ್ದುದು ಇದರ ಉಲ್ಟಾ. ಬಗ್ಗಿ ಕಾಲ್ಬೆರಳು ಮುಟ್ಟಿ 'ಸೊಂಟ ಸಡಿಲ' ಮಾಡಿಕೊಳ್ಳುತ್ತಿದ್ದೆ!

ಆದರೂ ನೋವು ಇದ್ದಾಗ ವ್ಯಾಯಾಮ ಮಾಡಲು ಮನಸ್ಸೇ ಬರುವುದಿಲ್ಲ, ಅಲ್ವಾ? ಒಂಬತ್ತನೇ ವಾರ ಇಂಜೆಕ್ಷನ್ ಹಾಕಿಸಿಕೊಂಡೆ. ಎಕ್ಸ್‌ರೇಯಲ್ಲಿ ನೋಡುತ್ತಾ ನರದ ಪಕ್ಕದಲ್ಲೇ ಸ್ಟೀರಾಯ್ಡ್ ಬಿಡುತ್ತಾರೆ. ಸಂಜೆಗೆ ಮನೆಗೆ ಬಂದೆ. ಮೂರನೇ ದಿನ ಕಾಲುನೋವು ಅರ್ಧಕ್ಕೆ ಇಳಿದಿತ್ತು. ಆರು ವಾರಕ್ಕೆ ಅದರ ಗುಣ ತಗ್ಗಿತು. ಅದು ಹೂರಣವನ್ನು ಒಳಗೆ ತಳ್ಳುವುದಿಲ್ಲ, ಉರಿಯೂತ ತಗ್ಗಿಸುತ್ತದೆ, ಅಷ್ಟೇ. ಆದರೆ ಆ ಆರು ವಾರ ನಾನು ಬಿಡದೆ ನಡೆದೆ, ಎದೆ ಎತ್ತಿದೆ. ಕೊಟ್ಟ ಹದಿನೆಂಟು ಸಾವಿರ ಅಲ್ಲಿಗೆ ವಸೂಲಾಯಿತು.

ಇನ್ನು ಆಪರೇಷನ್. ಅದನ್ನು ಮಾಡಿಸಿಕೊಂಡದ್ದು ನಾನಲ್ಲ, ನನ್ನ ಭಾವಮೈದ. ಅವನದು ಒಂದು ಹಂತ ಮೇಲೆ, ಎಲ್‌4-ಎಲ್‌5. ನೋವಿಗಿಂತ ಮುಖ್ಯವಾಗಿ ಪಾದ ಮೇಲೆತ್ತಲು ಆಗುತ್ತಿರಲಿಲ್ಲ. ಹವಾಯಿ ಚಪ್ಪಲಿ ಕಾಲಿಂದ ಕಳಚಿ ಹೋಗುತ್ತಿತ್ತು, ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಹೀಗೆ ಶಕ್ತಿ ಇಳಿಯುತ್ತಾ ಹೋದರೆ ಎಣ್ಣೆ, ವ್ಯಾಯಾಮ ಅಂತ ಕಾಯಬಾರದು. ಮೂತ್ರ ಕಟ್ಟಿಕೊಂಡರೆ, ತೊಡೆಸಂದಿಯಲ್ಲಿ ಸ್ಪರ್ಶ ಹೋದರೆ ಬೆಳಗಾಗುವುದನ್ನೂ ಕಾಯಬೇಡಿ. ಅವನು ಆಪರೇಷನ್ ಮಾರನೇ ದಿನ ಎದ್ದು ನಡೆದ. ಕಾಲುನೋವು ಮಂಚದ ಮೇಲೇ ಹೋಗಿತ್ತು. ನನಗೆ ಐದು ತಿಂಗಳು ಹಿಡಿದದ್ದು ಅವನಿಗೆ ಒಂದು ರಾತ್ರಿ. ಹೊಟ್ಟೆಕಿಚ್ಚು ಆಗಲಿಲ್ಲ ಅಂದರೆ ಸುಳ್ಳು.

ನನ್ನ ಸರ್ಜನ್ನೇ ನನಗೆ ಕಾಯಲು ಹೇಳಿದ್ದರು. ನೆದರ್ಲೆಂಡ್ಸಿನಲ್ಲಿ ಇಂಥ 283 ಜನರನ್ನು ಎರಡು ಗುಂಪು ಮಾಡಿ ನೋಡಿದ ಅಧ್ಯಯನ 2007ರಲ್ಲಿ ಬಂತು. ಬೇಗ ಆಪರೇಷನ್ ಮಾಡಿಸಿಕೊಂಡವರಿಗೆ ನೋವು ಬೇಗ ಇಳಿಯಿತು. ಒಂದು ವರ್ಷಕ್ಕೆ ನೋಡಿದರೆ ಎರಡೂ ಕಡೆ ನೂರಕ್ಕೆ 95 ಜನ ಚೇತರಿಸಿಕೊಂಡಿದ್ದರು. ಆದರೆ ಕಾಯುವ ಗುಂಪಿನಲ್ಲೂ ನೂರಕ್ಕೆ 39 ಜನ ತಡೆಯಲಾರದೆ ಕೊನೆಗೆ ಆಪರೇಷನ್ ಮಾಡಿಸಿಕೊಂಡಿದ್ದರು, ಅದನ್ನೂ ಹೇಳಬೇಕು.

ನನ್ನ ಹೋಲಿಕೆಯಲ್ಲಿ ಒಂದು ಮೋಸವಿದೆ. ಎಲ್ಲವನ್ನೂ ಒಂದಾದ ಮೇಲೆ ಒಂದು ಮಾಡಿದೆ. ಹೊರಬಂದ ಭಾಗವನ್ನು ದೇಹವೇ ನಿಧಾನವಾಗಿ ಕರಗಿಸುತ್ತದೆ. ಹಾಗಾಗಿ ಯಾವುದನ್ನು ಕೊನೆಗೆ ಮಾಡಿದೆವೋ ಅದಕ್ಕೇ ಹಾರ ಬೀಳುತ್ತದೆ. ಎಣ್ಣೆಯನ್ನು ಹನ್ನೆರಡನೇ ವಾರ ಹಚ್ಚಿಸಿಕೊಂಡಿದ್ದರೆ ಇವತ್ತು ಅದನ್ನೇ ಹೊಗಳುತ್ತಿದ್ದೆನೇನೋ. ಅಷ್ಟಾದರೂ ಮತ್ತೆ ಹಿಡಿದುಕೊಂಡರೆ ನಾನು ಮೊದಲು ಬೋರಲು ಮಲಗುತ್ತೇನೆ, ನಡೆಯುತ್ತೇನೆ. ಆರು ವಾರಕ್ಕೂ ಕಾಲು ಬಿಡದಿದ್ದರೆ ಇಂಜೆಕ್ಷನ್. ಕಿರುಬೆರಳಿನ ಜೋಮು ಇನ್ನೂ ಸ್ವಲ್ಪ ಉಳಿದಿದೆ. ಸಿಲಿಂಡರ್ ತಂದ ಹುಡುಗನೇ ಈಗ ಒಳಗೆ ಇಟ್ಟು ಹೋಗುತ್ತಾನೆ.