ರೈಟ್ ಫೀಲ್ಡಿನಲ್ಲಿ ನಿಂತ ಮಗಳಿಗೆ ಆರು ಪಾಠ: ನಮ್ಮೂರಿನ ಬ್ಯಾಟಿಂಗ್ ಕೇಜ್ ಬಗ್ಗೆ

5ಕ್ಕೆ 4 ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಜಾಗಕ್ಕೆ, ಅಂದರೆ ಬಲೆಯೊಳಗೆ ಬ್ಯಾಟಿಂಗ್ ಪ್ರಾಕ್ಟೀಸ್ ಮಾಡಿಸುವ ಬ್ಯಾಟಿಂಗ್ ಕೇಜಿಗೆ. ಪಾಠ ಹೇಳಿಕೊಟ್ಟ ಹುಡುಗಿಗೆ ಐದಕ್ಕೆ ಐದೂ ಸಲ್ಲಬೇಕು.

ನಾವಿರುವುದು ಕ್ಯಾಲಿಫೋರ್ನಿಯಾದಲ್ಲಿ, ಬೇ ಏರಿಯಾದ ಈಸ್ಟ್ ಬೇ ಕಡೆ. ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷ ಬೇಸ್‌ಬಾಲ್ ಥರದ ಆಟವಾದ ಸಾಫ್ಟ್‌ಬಾಲ್‌ನಲ್ಲಿ ಸೆಕೆಂಡ್ ಬೇಸ್ (ಬಾಲ್ ಹೊಡೆದವಳು ಓಡಿ ಮುಟ್ಟಬೇಕಾದ ನಾಲ್ಕು ಗುರುತುಗಳಲ್ಲಿ ಎರಡನೆಯದು) ಹತ್ತಿರ ನಿಲ್ಲುತ್ತಿದ್ದಳು, ಮೂರನೆಯವಳಾಗಿ ಬ್ಯಾಟ್ ಹಿಡಿಯುತ್ತಿದ್ದಳು. ಆಗ ಕೋಚೇ ಮೆತ್ತಗೆ ಬಾಲ್ ಹಾಕಿಕೊಡುತ್ತಿದ್ದರು. ಈ ವರ್ಷ ಟೆನ್-ಯು, ಅಂದರೆ ಹತ್ತು ವರ್ಷದೊಳಗಿನವರ ವಿಭಾಗಕ್ಕೆ ಬಂದಳು. ಇಲ್ಲಿ ಹುಡುಗಿಯರೇ 35 ಅಡಿ ದೂರದಿಂದ ಕೈ ಬೀಸಿ ಪಿಚ್ ಮಾಡುತ್ತಾರೆ, ಅಂದರೆ ಬ್ಯಾಟ್ ಹಿಡಿದವಳಿಗೆ ಬಾಲ್ ಎಸೆಯುತ್ತಾರೆ. ಬಾಲ್ ಸುತ್ತಳತೆ 11 ಇಂಚು. ಹೆಸರಿಗೆ ಮಾತ್ರ ಸಾಫ್ಟ್, ಮೈಗೆ ಬಿದ್ದರೆ ನೀಲಿ ಗುರುತು ಒಂದು ವಾರ ಇರುತ್ತದೆ.

ಮೊದಲ ಮ್ಯಾಚಿನ ದಿನ ಡಗೌಟಿನ ತಂತಿ ಬೇಲಿಗೆ ಒಂದು ಹಾಳೆ ಸಿಗಿಸಿದ್ದರು. ಹನ್ನೆರಡು ಹುಡುಗಿಯರ ಹೆಸರು. ನಮ್ಮವಳ ಹೆಸರು ಕಟ್ಟಕಡೆಯಲ್ಲಿ, ಪಕ್ಕದಲ್ಲಿ 9 ಅಂತ ಬರೆದಿತ್ತು. ಈ ಆಟದಲ್ಲಿ ಪ್ರತಿ ಜಾಗಕ್ಕೂ ಒಂದು ನಂಬರ್ ಇದೆ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೀಗೆ ಹೋಗಿ ಕೊನೆಗೆ ರೈಟ್ ಫೀಲ್ಡ್, ಅಂದರೆ ಬ್ಯಾಟ್ ಹಿಡಿದವಳ ಕಡೆಯಿಂದ ನೋಡಿದರೆ ಬಲಕ್ಕೆ ದೂರದ ಹುಲ್ಲು, 9. ಆರು ಇನ್ನಿಂಗ್ಸ್‌ನಲ್ಲಿ ಎರಡು ಬೆಂಚಿನ ಮೇಲೆ ಕೂತಳು, ನಾಲ್ಕು ಅಲ್ಲಿ ದೂರದ ಹುಲ್ಲಿನಲ್ಲಿ ನಿಂತಳು. ಒಂದೇ ಒಂದು ಬಾಲ್ ಅವಳ ಕಡೆ ಬರಲಿಲ್ಲ. ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ, "ಅಮ್ಮಾ, ಬಾಲ್ ಬರದ ಜಾಗದಲ್ಲಿ ನಿಲ್ಲಿಸಿದ್ದಾರೆ ಅಲ್ವಾ?" ಅಂದಳು. ಆಮೇಲೆ ಮನೆ ಮುಟ್ಟುವವರೆಗೂ ಅಳು.

ನಾನು ಸಮಾಧಾನ ಮಾಡಿದೆ. "ಹಾಗೆಲ್ಲ ಇಲ್ಲ ಪುಟ್ಟಿ, ರೈಟ್ ಫೀಲ್ಡ್ ಕೂಡ ತುಂಬಾ ಮುಖ್ಯ" ಅಂದೆ. "ಯಾಕೆ ಮುಖ್ಯ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಮ್ಮ ಸುಮ್ನೆ ಹೇಳ್ತಿದ್ದಾಳೆ ಅಂತ ಅವಳಿಗೂ ಗೊತ್ತಾಯಿತು. ಮಕ್ಕಳಿಗೆ ಅದು ತಕ್ಷಣ ಗೊತ್ತಾಗಿಬಿಡುತ್ತದೆ. ನಮ್ಮ ಮನೆಯವರು ಟೀಮಿನ ಕೋಚ್‌ಗೆ ಇಮೇಲ್ ಬರೆಯೋಣ ಅಂದರು. ನಾನು ಬೇಡ ಅಂದೆ. ಆ ಕೋಚ್ ಕೂಡ ಒಂದು ಮಗುವಿನ ತಂದೆ, ಸಂಬಳ ಇಲ್ಲದೆ ಸಂಜೆ ಹೊತ್ತು ಬಂದು ಕಲಿಸುವವರು. ಜೊತೆಗೆ, ನಾವು ಹೋಗಿ ಕೇಳಿ ಕೊಡಿಸಿದ ಜಾಗದಲ್ಲಿ ಅವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ಅದೇ ವಾರ ಈ ಬ್ಯಾಟಿಂಗ್ ಕೇಜ್‌ಗೆ ಫೋನ್ ಮಾಡಿದೆ. ಕಾರ್ ರಿಪೇರಿ ಗ್ಯಾರೇಜುಗಳ ಹಿಂದೆ ಇರುವ ಒಂದು ದೊಡ್ಡ ಗೋದಾಮು. ಒಳಗೆ ಉದ್ದಕ್ಕೆ ಬಲೆ ಕಟ್ಟಿದ ಆರು ಓಣಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು. ಆರು ಪಾಠಕ್ಕೆ 270 ಡಾಲರ್, ಒಂದೊಂದೂ ಅರ್ಧ ಗಂಟೆ. ಗೋದಾಮಿನೊಳಗೆ ಫೀಲ್ಡಿಂಗ್ ಏನು ಕಲಿಸುತ್ತಾರೆ ಅಂತ ನನಗೂ ಅನುಮಾನ ಇತ್ತು. ಆಮೇಲೆ ಓದಿದೆ, ಈ ಆಟ ಹುಟ್ಟಿದ್ದೇ ಛಾವಣಿ ಕೆಳಗಂತೆ, 1887ರಲ್ಲಿ, ಷಿಕಾಗೋದ ಒಂದು ಬೋಟ್ ಕ್ಲಬ್ಬಿನ ಒಳಗೆ.

ಕಲಿಸಿದವಳು ಕಾಲೇಜಿನಲ್ಲಿ ಓದುತ್ತಾ ಅಲ್ಲಿನ ಟೀಮಿನಲ್ಲೂ ಆಡುವ ಹುಡುಗಿ. ಜಾಗದ ಹೆಸರನ್ನಾಗಲಿ ಅವಳ ಹೆಸರನ್ನಾಗಲಿ ಇಲ್ಲಿ ಹಾಕುವುದಿಲ್ಲ. ನಮ್ಮ ಪರಿಚಯದವರು ಯಾರಾದರೂ ಕೇಳಿದರೆ ಹೇಳುತ್ತೇನೆ.

ಮೊದಲ ದಿನ ಅವಳು ಬ್ಯಾಟ್ ಮುಟ್ಟಲೇ ಇಲ್ಲ. ಬಾಲ್ ತುಂಬಿದ ಬಕೆಟ್ ಮೇಲೆ ಕೂತು, "ಎಲ್ಲಿ ಆಡ್ತೀಯಾ?" ಅಂತ ಕೇಳಿದಳು. ಮಗಳು ಶೂ ನೋಡುತ್ತಾ "ರೈಟ್ ಫೀಲ್ಡ್ ಅಷ್ಟೇ" ಅಂದಳು. "ನಾನೂ ಅಲ್ಲೇ" ಅಂದ ಆ ಹುಡುಗಿ ಎದ್ದು, ಬಿಳಿ ಟೇಪ್ ಹರಿದು ನೆಲದ ಮೇಲೆ ಪುಟ್ಟದೊಂದು ಮೈದಾನ ಅಂಟಿಸಿದಳು. ನಾಲ್ಕು ಬೇಸ್, ಫೌಲ್ ಲೈನ್ ಅಂದರೆ ಮೈದಾನದ ಬದಿಯ ಗೆರೆ, ಹಿಂದೆ ಬೇಲಿ. ನೆಲದ ಮೇಲೆ ಬಾಲ್ ಹೊಡೆದವಳು ಫಸ್ಟ್ ಬೇಸ್ ಮುಟ್ಟುವ ಮೊದಲೇ ಬಾಲ್ ಅಲ್ಲಿಗೆ ಸೇರಿದರೆ ಅವಳು ಔಟ್. ಮಗಳ ನೀರಿನ ಬಾಟಲಿಯನ್ನು ರೈಟ್ ಫೀಲ್ಡಿನಲ್ಲಿ ಇಟ್ಟಳು.

"ಶಾರ್ಟ್‌ಸ್ಟಾಪ್ ಕಡೆ ಬಾಲ್ ಉರುಳಿ ಬಂತು. ಎತ್ತಿ ಎಲ್ಲಿಗೆ ಎಸೀತಾಳೆ?"

"ಫಸ್ಟ್ ಬೇಸ್‌ಗೆ."

"ಥರ್ಡ್ ಬೇಸ್‌ನವಳು ಎತ್ತಿದರೆ?"

"ಫಸ್ಟ್."

"ಸೆಕೆಂಡ್ ಬೇಸ್? ಪಿಚರ್? ಬಂಟ್ ಆದಾಗ ಕ್ಯಾಚರ್?"

"ಫಸ್ಟ್, ಫಸ್ಟ್, ಫಸ್ಟ್."

"ನಿಮ್ಮ ಟೀಮಿನಲ್ಲಿ ಎಲ್ಲರೂ ನೇರ ಎಸೀತಾರಾ?"

ಮಗಳು ನಕ್ಕಳು. ಎರಡು ವಾರದಲ್ಲಿ ಸಾಫ್ಟ್‌ಬಾಲ್ ವಿಷಯಕ್ಕೆ ಅವಳು ನಕ್ಕಿದ್ದು ಅದೇ ಮೊದಲು.

"ಸರಿ, ಎಸೆತ ತಪ್ಪಿತು. ಫಸ್ಟ್ ಬೇಸ್ ಹಿಂದೆ ಯಾರಿದ್ದಾರೆ?"

"ಬೇಲಿ."

"ಬೇಲಿಗೂ ಮುಂಚೆ?"

ಮಗಳು ತುಂಬಾ ಹೊತ್ತು ಟೇಪ್ ನೋಡಿದಳು. ಆಮೇಲೆ ತಾನೇ ಬಗ್ಗಿ, ಬಾಟಲಿಯನ್ನು ಫಸ್ಟ್ ಬೇಸಿನ ಹಿಂದಕ್ಕೆ, ಫೌಲ್ ಲೈನ್ ಆಚೆಗೆ ಸರಿಸಿದಳು.

270 ಡಾಲರ್ ನನಗೆ ಅಲ್ಲೇ ಸಾರ್ಥಕ ಅನ್ನಿಸಿತು.

ನಮಗೆ ಕ್ರಿಕೆಟ್ ಗೊತ್ತಲ್ಲ. ಕೀಪರ್ ಕಡೆ ಎಸೆತ ಬರುವಾಗ ಹಿಂದೆ ಒಬ್ಬರು ಬ್ಯಾಕಪ್‌ಗೆ ಓಡುತ್ತಾರೆ. ಇಲ್ಲಿ ಫಸ್ಟ್ ಬೇಸಿಗೆ ಆ ಕೆಲಸ ರೈಟ್ ಫೀಲ್ಡಿನವಳದ್ದು. ಇನ್‌ಫೀಲ್ಡಿನಲ್ಲಿ ನೆಲದ ಮೇಲೆ ಬಾಲ್ ಉರುಳಿದಾಗಲೆಲ್ಲ ಅವಳು ಓಡಬೇಕು. ಹತ್ತು ಸಲ ಓಡಿದರೆ ಒಂಬತ್ತು ಸಲ ಏನೂ ಆಗುವುದಿಲ್ಲ. ಹತ್ತನೆಯ ಸಲ ಅವಳು ಅಲ್ಲಿಲ್ಲದಿದ್ದರೆ ಓಡುವವಳು ಸೆಕೆಂಡ್ ದಾಟಿ ಥರ್ಡ್‌ಗೇ ಹೋಗಿಬಿಡುತ್ತಾಳೆ. ಇದನ್ನು ಮಗಳ ಟೀಮಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ಹನ್ನೆರಡು ಮಕ್ಕಳು, ಒಂದು ಗಂಟೆ ಪ್ರಾಕ್ಟೀಸ್. ಔಟ್‌ಫೀಲ್ಡಿಗೆ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ.

ಎರಡನೇ ಮತ್ತು ಮೂರನೇ ಪಾಠ ಪೂರ್ತಿ ಎಸೆತ. ಬೇಸಿನಿಂದ ಬೇಸಿಗೆ ಬರೀ 60 ಅಡಿ ಆದ್ದರಿಂದ ಸಾಫ್ಟ್‌ಬಾಲ್‌ನಲ್ಲಿ ರೈಟ್ ಫೀಲ್ಡರ್ ಬಹಳ ಹಿಂದೆ ನಿಲ್ಲಬೇಕಾಗಿಲ್ಲ. ಫಸ್ಟ್ ಮತ್ತು ಸೆಕೆಂಡ್ ನಡುವೆ ನುಗ್ಗಿ ಬಂದ ಬಾಲನ್ನು ಮುಂದಕ್ಕೆ ಓಡಿ ಎತ್ತಿ ಎಸೆದರೆ, ಬ್ಯಾಟ್ ಮಾಡಿದವಳನ್ನು ಫಸ್ಟ್ ಬೇಸಿನಲ್ಲೇ ಔಟ್ ಮಾಡಬಹುದು. ಸ್ಕೋರ್ ಪುಸ್ತಕದಲ್ಲಿ ಅದನ್ನು 9-3 ಅಂತ ಬರೆಯುತ್ತಾರೆ. ಇನ್ನೊಂದು ವಿಷಯವನ್ನೂ ಹೇಳಿದಳು. ಪಿಚ್ ಜೋರಾಗಿ ಬಂದಾಗ ಬಲಗೈ ಬ್ಯಾಟರ್‌ಗಳು ತಡವಾಗಿ ಬೀಸುತ್ತಾರೆ, ಬಾಲ್ ಬಲಗಡೆಗೇ ಹೋಗುತ್ತದೆ. ಅಂದರೆ ಪಿಚರ್ ಚೆನ್ನಾಗಿದ್ದಷ್ಟೂ ರೈಟ್ ಫೀಲ್ಡ್ ಎಚ್ಚರವಾಗಿರಬೇಕು. ಬಕೆಟ್ ಖಾಲಿ ಮಾಡಿ ಅದನ್ನೇ ಫಸ್ಟ್ ಬೇಸ್ ಮಾಡಿಟ್ಟಳು. ಮೂವತ್ತು ಎಸೆತದಲ್ಲಿ ಮೊದಲ ದಿನ ನಾಲ್ಕು ತಗುಲಿದವು, ಮುಂದಿನ ವಾರ ಹನ್ನೊಂದು. ಆಗಾಗ "ಸೂಪರ್" "ಗುಡ್ ಜಾಬ್" ಅನ್ನುವ ಅಭ್ಯಾಸ ಅವಳಿಗಿಲ್ಲ. "ಮೊಣಕೈ ಮೇಲಿತ್ತು, ಅದಕ್ಕೇ ನೇರ ಹೋಯ್ತು" ಅನ್ನುತ್ತಾಳೆ, ಮುಂದಿನ ಬಾಲ್ ಉರುಳಿಸುತ್ತಾಳೆ. ಪಾಠ ಮುಗಿದಾಗ ಟೇಪಿನ ಒಂದು ತುಂಡಿನ ಮೇಲೆ 9-3 ಅಂತ ಮಾರ್ಕರ್‌ನಲ್ಲಿ ಬರೆದು ಮಗಳ ವೈಸರ್ ಒಳಗೆ ಅಂಟಿಸಿದಳು. ಆ ಟೇಪ್ ಈಗ ಬೆವರಿಗೆ ಅರ್ಧ ಕಿತ್ತುಬಂದಿದೆ, ತೆಗೆಯಲು ಬಿಡುವುದಿಲ್ಲ.

ನಾಲ್ಕನೇ ಪಾಠ ಎತ್ತರದ ಬಾಲಿನ ಭಯಕ್ಕೆ. ಗ್ಲವ್ ಇಲ್ಲದೆ, ಸ್ಪಂಜಿನ ಬಾಲುಗಳು. ಐದನೆಯದು ಬ್ಯಾಟಿಂಗ್, ಅದರಲ್ಲೂ ಬಂಟ್, ಅಂದರೆ ಬೀಸದೆ ಬಾಲನ್ನು ಬ್ಯಾಟಿಗೆ ಮೆತ್ತಗೆ ತಾಗಿಸಿ ಹತ್ತಿರದಲ್ಲೇ ಬೀಳಿಸುವುದು. ಕೊನೆಯವಳು ಬೇಸ್ ತಲುಪಿದರೆ ಅವಳ ಹಿಂದೆಯೇ ಟೀಮಿನ ಮೊದಲ ಬ್ಯಾಟರ್ ಬರುತ್ತಾಳೆ ಅಂತ ಬೆರಳಲ್ಲಿ ಸುತ್ತು ಹಾಕಿ ತೋರಿಸಿದಳು. ಮಾತು ಚೆನ್ನಾಗಿತ್ತು, ಆದರೆ ಬ್ಯಾಟಿಂಗ್‌ಗೆ ಅರ್ಧ ಗಂಟೆ ಸಾಕಾಗಲಿಲ್ಲ. ಬ್ಯಾಟಿಂಗ್ ಒಂದೇ ಬೇಕು ಅನ್ನುವವರು ಒಂದು ಗಂಟೆಯ ಪಾಠ ಕೊಡುವ ಕಡೆ ನೋಡಿ.

ಪ್ರತಿ ಪಾಠದ ಕೊನೆಗೆ ಮೂರು ನಿಮಿಷ ಪೋಷಕರ ಜೊತೆ ಮಾತಾಡುತ್ತಾಳೆ. ನನಗೆ ಹೇಳಿದ್ದು ಎರಡು ಮಾತು. ಮ್ಯಾಚ್ ಮುಗಿದು ಕಾರ್ ಹತ್ತಿದ ಕೂಡಲೇ ಆಟದ ಬಗ್ಗೆ ಕೇಳಬೇಡಿ, ಅವಳೇ ತೆಗೆಯಲಿ. ಕೇಳಲೇಬೇಕು ಅನ್ನಿಸಿದರೆ "ಎಷ್ಟು ಹೊಡೆದೆ" ಅನ್ನಬೇಡಿ, "ಇವತ್ತು ಎಷ್ಟು ಸಲ ಓಡಿದೆ" ಅಂತ ಕೇಳಿ. ಇಷ್ಟು ಚಿಕ್ಕ ವಯಸ್ಸಿನ ಹುಡುಗಿ ನನಗೆ ಬುದ್ಧಿ ಹೇಳುತ್ತಿದ್ದಾಳೆ ಅಂತ ಒಂದು ಕ್ಷಣವೂ ಅನ್ನಿಸಲಿಲ್ಲ. ಈ ಜಾಗದಲ್ಲಿ ನಿಂತು ಬಂದವಳ ಮಾತು ಅದು.

ಆ ರಾತ್ರಿ ನಾನು ಮಗಳಿಗೆ ತಿಪಟೂರಿನ ನಮ್ಮ ಸ್ಕೂಲಿನ ಖೋ-ಖೋ ಬಗ್ಗೆ ಹೇಳಿದೆ. ಎಂಟು ಜನ ಸಾಲಾಗಿ ಕೂರುತ್ತೇವೆ, ಒಬ್ಬರ ಮುಖ ಆ ಕಡೆ, ಪಕ್ಕದವರದು ಈ ಕಡೆ. ಬೆನ್ನಿಗೆ ಖೋ ಬೀಳುವ ತನಕ ಏಳುವ ಹಾಗಿಲ್ಲ. ಆದರೆ ಕಾಲ್ಬೆರಳು ಮಣ್ಣಿಗೆ ಊರಿಯೇ ಇರಬೇಕು. ಕಂಬದ ಪಕ್ಕ ಕೂತ ನನಗೆ ಕೆಲವು ದಿನ ಒಂದು ಖೋ ಕೂಡ ಬರುತ್ತಿರಲಿಲ್ಲ. ಎರಡು ವಾರದ ಹಿಂದೆ ಇದನ್ನೇ ಹೇಳಿದ್ದರೆ ಅವಳು ಕೇಳುತ್ತಿರಲಿಲ್ಲ. ಈಗ ಹಾಸಿಗೆಯಿಂದ ಎದ್ದು, ಹೇಗೆ ಕೂರುತ್ತಿದ್ದಿರಿ ತೋರಿಸಮ್ಮ ಅಂದಳು. ಬೆಡ್‌ರೂಮಿನ ಕಾರ್ಪೆಟ್ ಮೇಲೆ ಇಬ್ಬರೂ ಕೂತೆವು.

ಆರನೇ ಪಾಠ ನನಗೆ ತೀರಾ ಇಷ್ಟವಾಯಿತು. ಕೊನೆಯ ಹತ್ತು ನಿಮಿಷ ಒಂದು ವಾಕ್ಯದ ಪ್ರಾಕ್ಟೀಸ್. "ಕೋಚ್, ನಂಗೆ ಸೆಕೆಂಡ್ ಬೇಸ್ ಆಡೋಕೆ ಇಷ್ಟ. ಅದಕ್ಕೆ ನಾನು ಏನು ಕಲೀಬೇಕು?" ಮಗಳು ನೆಲ ನೋಡಿಕೊಂಡು ಹೇಳಿದರೆ ಇನ್ನೊಂದು ಸಲ. ಸಣ್ಣ ದನಿಯಲ್ಲಿ ಹೇಳಿದರೆ ಮತ್ತೊಂದು ಸಲ. ಪಕ್ಕದ ಓಣಿಯ ಮಷಿನ್ ಸದ್ದನ್ನೂ ಮೀರಿ ಕೇಳಿಸುವ ತನಕ ಬಿಡಲಿಲ್ಲ. ಗುರುವಾರದ ಪ್ರಾಕ್ಟೀಸಿನಲ್ಲಿ ಮಗಳು ಟೀಮಿನ ಕೋಚ್ ಮುಂದೆ ಹೋಗಿ ಕೇಳಿಯೇಬಿಟ್ಟಳು. ನಾನು ಪಾರ್ಕಿಂಗ್‌ನಲ್ಲೇ ಇದ್ದೆ, ಬೇಕಂತಲೇ. ಬಾಲ್ ಎತ್ತಿದ ಮೇಲೆ ಕಾಲು ತಿರುಗಿಸುವುದು ನಿಧಾನ ಆಗುತ್ತಿದೆ, ಅದನ್ನು ಸರಿ ಮಾಡಿಕೋ ಅಂದರಂತೆ. ಈಗ ಮನೆಯ ಹಿತ್ತಲಲ್ಲಿ ದಿನಾ ಅದೇ ಕೆಲಸ.

ಅವಳು ಇನ್ನೂ ರೈಟ್ ಫೀಲ್ಡಿನಲ್ಲೇ ಇದ್ದಾಳೆ. ಹಾಳೆಯಲ್ಲಿ ಹೆಸರು ಇನ್ನೂ ಕೊನೆಯಲ್ಲೇ ಇದೆ. ಪಾಠಕ್ಕೆ ಕಳಿಸಿದ ಕೂಡಲೇ ಜಾಗ ಬದಲಾಗುತ್ತದೆ ಅಂದುಕೊಂಡು ದುಡ್ಡು ಕಟ್ಟಬೇಡಿ.

ಹೋದ ಶನಿವಾರ ನಾಲ್ಕನೇ ಇನ್ನಿಂಗ್ಸ್. ಶಾರ್ಟ್‌ಸ್ಟಾಪ್ ಹುಡುಗಿ ಎಸೆದ ಬಾಲ್ ಫಸ್ಟ್ ಬೇಸಿನವಳ ತಲೆ ಮೇಲೆ ಹಾರಿತು. ಎದುರು ಟೀಮಿನ ಅಪ್ಪ ಅಮ್ಮಂದಿರೆಲ್ಲ "ಗೋ, ಗೋ" ಅಂತ ಎದ್ದು ನಿಂತರು. ಓಡುವವಳು ಸೆಕೆಂಡ್ ಕಡೆ ತಿರುಗಿ, ಎರಡು ಹೆಜ್ಜೆ ಹಾಕಿ, ನಿಂತುಬಿಟ್ಟಳು. ಯಾಕೆಂದರೆ ಬಾಲ್ ಆಗಲೇ ನಮ್ಮವಳ ಗ್ಲವ್ ಒಳಗಿತ್ತು. ಎದುರಿನವಳು ಮೆತ್ತಗೆ ಫಸ್ಟ್ ಬೇಸಿಗೆ ವಾಪಸ್ ಹೋದಳು. ಸ್ಕೋರ್ ಪುಸ್ತಕದಲ್ಲಿ ಇದಕ್ಕೆ ಒಂದು ಗೆರೆಯೂ ಸಿಗುವುದಿಲ್ಲ. ಆದರೆ ಫಸ್ಟ್ ಬೇಸಿನ ಹುಡುಗಿ ಹಿಂದೆ ತಿರುಗಿ, ತನ್ನ ಗ್ಲವ್ ಚಾಚಿ ಇವಳ ಗ್ಲವ್‌ಗೆ ಮುಟ್ಟಿಸಿದಳು. ಮಗಳು ತನ್ನ ಜಾಗಕ್ಕೆ ವಾಪಸ್ ಹೋಗುವಾಗ ನಡೆಯಲಿಲ್ಲ, ಕುಣಿಯುತ್ತಾ ಓಡಿದಳು.

ಸಂಜೆ ವಾಟ್ಸಾಪ್‌ನಲ್ಲಿ ನಮ್ಮಮ್ಮ, "ಎಷ್ಟು ಹೊಡ್ದೆ ಮಗಾ ಇವತ್ತು?" ಅಂತ ಯಾವತ್ತಿನ ಹಾಗೆ ಕೇಳಿದರು. "ಒಂದೂ ಇಲ್ಲ ಅಜ್ಜಿ. ಹದಿನಾಲ್ಕು ಸಲ ಓಡಿದೆ" ಅಂದಳು. ಅಜ್ಜಿಗೆ ಅರ್ಥ ಆಗಲಿಲ್ಲ. ನೀರಿನ ಬಾಟಲಿ ತಂದು, ಊಟದ ಟೇಬಲ್ ಮೇಲೆ ಚಮಚಗಳನ್ನೇ ಬೇಸ್ ಮಾಡಿ ಕಾಲು ಗಂಟೆ ವಿವರಿಸಿದಳು.

ಇನ್ನು ಕಳೆದ ಒಂದು ಸ್ಟಾರ್ ವಿಷಯ. ಆರು ಓಣಿಯಲ್ಲೂ ಮಷಿನ್ ನಡೆಯುವಾಗ ಸದ್ದು ವಿಪರೀತ. ಕಾಯುವವರಿಗೆ ನಾಲ್ಕೇ ಕುರ್ಚಿ. ತಮ್ಮನೋ ತಂಗಿಯೋ ಜೊತೆಗಿದ್ದರೆ ಕಷ್ಟ. ಕೌಂಟರಿನಲ್ಲಿ ಪ್ರತಿ ಸಲ ಹತ್ತು ಪಾಠದ ಪ್ಯಾಕೇಜ್ ತಗೊಳ್ಳಿ ಅಂತ ಒತ್ತಾಯ ಮಾಡುತ್ತಾರೆ. 24 ಗಂಟೆ ಮುಂಚೆ ತಿಳಿಸದಿದ್ದರೆ ದುಡ್ಡು ಹೋಯಿತು. ಮಗಳಿಗೆ ಬೆಳಗ್ಗೆ ಜ್ವರ ಬಂತು ಅಂದರೂ ಕೇಳಲಿಲ್ಲ, ನಮ್ಮ ಒಂದು ಪಾಠದ 45 ಡಾಲರ್ ಹಾಗೆಯೇ ಹೋಯಿತು. ಅದನ್ನು ತುಂಬಿಕೊಳ್ಳಲು ಮತ್ತೆ 45 ಕೊಟ್ಟೆವು. ಮಕ್ಕಳ ಜೊತೆ ಕೆಲಸ ಮಾಡುವವರು ಇಷ್ಟು ಬಿಗಿ ಇರಬಾರದು.

ಹೋಗುವವರಿಗೆ ನಾಲ್ಕು ಮಾತು. ಬುಕ್ ಮಾಡುವಾಗಲೇ "ಔಟ್‌ಫೀಲ್ಡ್ ಕಲಿಸುವವರು ಬೇಕು" ಅಂತ ಬಾಯಿಬಿಟ್ಟು ಹೇಳಿ, ಇಲ್ಲದಿದ್ದರೆ ಸೀದಾ ಬ್ಯಾಟಿಂಗ್‌ಗೆ ಹಾಕುತ್ತಾರೆ. ಕ್ಲೀಟ್ಸ್ ಬೇಡ, ಮಾಮೂಲಿ ಶೂ ಸಾಕು. ಮೊದಲು ಆರೇ ಪಾಠ ತಗೊಳ್ಳಿ. ವಾರದ ದಿನ ಸಂಜೆ ಐದೂವರೆಯ ಹೊತ್ತು ಬೇಗ ತುಂಬಿಹೋಗುತ್ತದೆ. ನಾವು ಬೇಸಿಗೆಗೆ ಈಗಲೇ ಇನ್ನೂ ಆರಕ್ಕೆ ಹೆಸರು ಬರೆಸಿದ್ದೇವೆ. ಈ ಸಲ ಕೇಳಿದ್ದು ಮಗಳೇ.