ರೌಟರ್ ಒಳಗೆ ಹೋಗಲು ಮೂರು ದಾರಿ: ಬ್ರೌಸರ್, ಆ್ಯಪ್, ಎಸ್‌ಎಸ್‌ಎಚ್. ಮೂರನ್ನೂ ಬಳಸಿ ನೋಡಿದ ಮೇಲೆ

ಮನೆಯ ವೈಫೈನಲ್ಲಿದ್ದಾಗ ಮಾತ್ರ ಹೀಗಾಗುತ್ತಿತ್ತು. ಒಂದು ಸೈಟ್ ತೆರೆದರೆ ಇನ್ಯಾವುದೋ ಜಾಹೀರಾತಿನ ಪುಟ ಬರುತ್ತಿತ್ತು. ಕೆಲವು ಸಲ ಬ್ರೌಸರ್ "ಸರ್ಟಿಫಿಕೇಟ್ ಸರಿಯಿಲ್ಲ" ಅಂತ ತಡೆದು ನಿಲ್ಲಿಸುತ್ತಿತ್ತು. ಮೊಬೈಲ್ ಡೇಟಾಗೆ ಬಂದರೆ ಎಲ್ಲ ಸರಿ. ಲ್ಯಾಪ್‌ಟಾಪಿಗೆ ವೈರಸ್ ಹತ್ತಿರಬೇಕು ಅಂದುಕೊಂಡು ಎರಡು ದಿನ ಸ್ಕ್ಯಾನ್ ಮಾಡಿದೆ, ಏನೂ ಸಿಗಲಿಲ್ಲ. ಕೊನೆಗೆ ರೌಟರ್ ಸೆಟ್ಟಿಂಗ್ಸ್ ತೆರೆದು ನೋಡಿದರೆ ಡಿಎನ್‌ಎಸ್ ಜಾಗದಲ್ಲಿ ನಾನು ಹಾಕಿರದ ಎರಡು ವಿಳಾಸ ಇದ್ದವು.

ಸೈಟಿನ ಹೆಸರು ಕೊಟ್ಟರೆ ಅದರ ಐಪಿ ವಿಳಾಸ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಹುಡುಕಿ ಕೊಡುವುದು ಡಿಎನ್‌ಎಸ್. ಆ ಜಾಗಕ್ಕೆ ಯಾರೋ ತಮ್ಮ ಸರ್ವರ್ ಕೂರಿಸಿದರೆ, ಮನೆಯ ಪ್ರತಿ ಫೋನೂ ಪ್ರತಿ ಲ್ಯಾಪ್‌ಟಾಪೂ ಅವರನ್ನು ಕೇಳಿಕೊಂಡೇ ಮುಂದೆ ಹೋಗುತ್ತವೆ. ಇದಕ್ಕೆ ಅವರು ಮನೆಯೊಳಗೆ ಬರಬೇಕಾಗಿಲ್ಲ. ನಾವು ತೆರೆದ ಯಾವುದೋ ಕೆಟ್ಟ ವೆಬ್ ಪುಟವೇ ನಮ್ಮ ಬ್ರೌಸರಿನ ಮೂಲಕ ರೌಟರಿಗೆ ಆಜ್ಞೆ ಕಳಿಸಬಹುದು. ಅದಕ್ಕೆ ಬೇಕಾದ್ದು ಅಡ್ಮಿನ್ ಪಾಸ್‌ವರ್ಡ್ ಮಾತ್ರ. ನನ್ನ ರೌಟರಿನದ್ದು ತಳದ ಸ್ಟಿಕರ್ ಮೇಲೆ ಅಚ್ಚಾಗಿದ್ದದ್ದೇ: ಹೆಸರು ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್.

ವೈಫೈ ಪಾಸ್‌ವರ್ಡನ್ನು ನಾನು ಮೊದಲ ದಿನವೇ ಬದಲಿಸಿದ್ದೆ. ಅಷ್ಟಾದರೆ ಸಾಕು ಅಂದುಕೊಂಡಿದ್ದೆ. ತುಂಬ ಜನ ಹೀಗೇ ಅಂದುಕೊಳ್ಳುತ್ತಾರೆ, ಅಲ್ವಾ? ವೈಫೈ ಪಾಸ್‌ವರ್ಡ್ ಇರುವುದು ನೆಟ್‌ವರ್ಕ್ ಸೇರಲು. ಅಡ್ಮಿನ್ ಪಾಸ್‌ವರ್ಡ್ ಇರುವುದು ನೆಟ್‌ವರ್ಕಿನ ನಿಯಮ ಬದಲಿಸಲು. ಒಂದನ್ನು ಬದಲಿಸಿದರೆ ಇನ್ನೊಂದು ಬದಲಾಗುವುದಿಲ್ಲ.

ರೌಟರನ್ನು ರೀಸೆಟ್ ಮಾಡಿದೆ. ಆಮೇಲೆ, ಒಳಗೆ ಹೋಗಲು ಯಾವ ದಾರಿ ಒಳ್ಳೆಯದು ಅಂತ ಸರಿಯಾಗಿ ನೋಡಿಯೇ ಬಿಡೋಣ ಅನಿಸಿತು. ಅದೇ ರೌಟರಿನಲ್ಲಿ ಬ್ರೌಸರ್ ಮತ್ತು ಕಂಪನಿಯ ಆ್ಯಪ್ ಎರಡನ್ನೂ ಬಳಸಿದೆ. ಮೂಲೆಯಲ್ಲಿದ್ದ ಇನ್ನೊಂದು ಹಳೆಯ ರೌಟರಿಗೆ ಓಪನ್‌ಡಬ್ಲ್ಯುಆರ್‌ಟಿ ಅನ್ನುವ ಮುಕ್ತ ತಂತ್ರಾಂಶ ಹಾಕಿ ಎಸ್‌ಎಸ್‌ಎಚ್ (ಆಜ್ಞೆಗಳನ್ನು ಟೈಪ್ ಮಾಡಿ ಗೂಢಲಿಪಿಯಲ್ಲಿ ಕಳಿಸುವ ದಾರಿ) ಮೂಲಕ ಹೋದೆ. ಮೂರು ಕಡೆಯೂ ಅದೇ ಐದು ಕೆಲಸ: ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು, ಡಿಎನ್‌ಎಸ್ ಪರೀಕ್ಷಿಸುವುದು, ಡಬ್ಲ್ಯುಪಿಎಸ್ (ವೈಫೈ ಪಾಸ್‌ವರ್ಡ್ ಬದಲು ಬಟನ್ ಅಥವಾ ಪಿನ್‌ನಿಂದ ನೆಟ್‌ವರ್ಕ್ ಸೇರಿಸುವ ವ್ಯವಸ್ಥೆ) ಆಫ್ ಮಾಡುವುದು, ಫರ್ಮ್‌ವೇರ್ (ರೌಟರಿನೊಳಗಿನ ತಂತ್ರಾಂಶ) ಅಪ್‌ಡೇಟ್ ಮಾಡುವುದು, ಹೊರಗಿನಿಂದ ಬರುವ ಅಡ್ಮಿನ್ ದಾರಿ ಮುಚ್ಚುವುದು.

ಬ್ರೌಸರ್

ಇಲ್ಲಿ ಮೊದಲ ತೊಡಕು ವಿಳಾಸದ್ದು. ಎಲ್ಲರೂ 192.168.1.1 ಅಂತ ಹೇಳುತ್ತಾರೆ. 192.168.0.1 ಇರಬಹುದು, 10.0.0.1 ಕೂಡ ಇರಬಹುದು. 1996ರಲ್ಲಿ ಬಂದ ಒಂದು ಇಂಟರ್ನೆಟ್ ನಿಯಮ ಇಂಥ ವಿಳಾಸಗಳ ಗುಂಪುಗಳನ್ನು ಒಳಗಿನ ನೆಟ್‌ವರ್ಕುಗಳಿಗೆ ಅಂತಲೇ ಎತ್ತಿಟ್ಟಿದೆ, ಹಾಗಾಗಿ ಒಂದೇ ವಿಳಾಸ ಲೆಕ್ಕವಿಲ್ಲದಷ್ಟು ಮನೆಗಳಲ್ಲಿದೆ. ಊಹಿಸುತ್ತಾ ಕೂರುವ ಬದಲು ಕಂಪ್ಯೂಟರನ್ನೇ ಕೇಳುವುದು ಸುಲಭ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ (ipconfig) ಆಜ್ಞೆ ಕೊಟ್ಟರೆ ಡಿಫಾಲ್ಟ್ ಗೇಟ್‌ವೇ ಅನ್ನುವ ಸಾಲು ಬರುತ್ತದೆ, ಅದೇ ವಿಳಾಸ. ಐಫೋನ್‌ನಲ್ಲಿ ವೈಫೈ ಹೆಸರಿನ ಪಕ್ಕದ ಐ ಗುರುತು ಒತ್ತಿದರೆ ರೌಟರ್ ಅಂತ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಆ ವೈಫೈಯ ವಿವರಗಳಲ್ಲಿ ಗೇಟ್‌ವೇ ಅಂತ ಇರುತ್ತದೆ.

ವಿಳಾಸ ಸರಿಯಿದ್ದರೂ ಪುಟ ತೆರೆಯದೇ ಹೋಗಬಹುದು. ನನಗೆ ಅರ್ಧ ಗಂಟೆ ಹೋಯಿತು. ರೀಸೆಟ್ ಆದ ರೌಟರಿಗೆ ಇಂಟರ್ನೆಟ್ ಇರಲಿಲ್ಲ. ಅದನ್ನು ನೋಡಿದ ಫೋನು ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಾರಿತ್ತು. ಆ ದಾರಿಯಲ್ಲಿ ಎಷ್ಟು ಹುಡುಕಿದರೂ ನನ್ನ ರೌಟರ್ ಸಿಗುವುದಿಲ್ಲ. ಡೇಟಾ ಆಫ್ ಮಾಡಿದ ಕೂಡಲೇ ಲಾಗಿನ್ ಪುಟ ಬಂತು.

ಆಮೇಲೆ ಫೋನ್ ಬಿಟ್ಟು ಲ್ಯಾಪ್‌ಟಾಪಿಗೆ ಕೇಬಲ್ ಸಿಕ್ಕಿಸಿದೆ. ಇದನ್ನು ಎಲ್ಲರಿಗೂ ಹೇಳುತ್ತೇನೆ: ಸಾಧ್ಯವಾದರೆ ಈ ಕೆಲಸಕ್ಕೆ ಕೇಬಲ್ಲೇ ಬಳಸಿ. ನನ್ನ ರೌಟರಿನ ಪುಟ ಬರೀ ಎಚ್‌ಟಿಟಿಪಿಯಲ್ಲಿ ತೆರೆಯುತ್ತಿತ್ತು. ಅಂದರೆ ಆ ಪುಟ ಮತ್ತು ನಮ್ಮ ನಡುವೆ ತನ್ನದೇ ಗೂಢಲಿಪಿ ಇಲ್ಲ. ಗಾಳಿಯಲ್ಲಿ ಅದನ್ನು ಕಾಯುವುದು ವೈಫೈ ಮಾತ್ರ. ವೈಫೈಯ ಗೂಢಲಿಪಿ ಪದ್ಧತಿ ಡಬ್ಲ್ಯುಪಿಎ2 ಆಗಿದ್ದರೆ, ವೈಫೈ ಪಾಸ್‌ವರ್ಡ್ ಗೊತ್ತಿರುವವರು ನಮ್ಮ ಫೋನ್ ಸಂಪರ್ಕಕ್ಕೆ ಬರುವ ಕ್ಷಣವನ್ನು ಹಿಡಿದಿಟ್ಟುಕೊಂಡು ಮುಂದಿನದ್ದನ್ನು ಓದಲು ಸಾಧ್ಯ. 2018ರಲ್ಲಿ ಬಂದ ಡಬ್ಲ್ಯುಪಿಎ3 ಇದನ್ನು ಸರಿಪಡಿಸಿತು, ಆದರೆ ಹಳೆಯ ರೌಟರುಗಳಲ್ಲಿ ಅದಿಲ್ಲ. ಇನ್ನೊಂದು ಕಾರಣ ಸರಳ. ವೈಫೈನಲ್ಲೇ ಕೂತು ವೈಫೈ ಸೆಟ್ಟಿಂಗ್ಸ್ ಬದಲಿಸಿದರೆ ನಡುವೆಯೇ ಸಂಪರ್ಕ ಕಡಿಯುತ್ತದೆ. ಫರ್ಮ್‌ವೇರ್ ಹಾಕುವಾಗ ಹಾಗಾಗುವುದು ಯಾರಿಗೂ ಬೇಡ.

ಐದೂ ಕೆಲಸ ಬ್ರೌಸರಿನಲ್ಲಿ ಆದವು. ಸುಮಾರು 25 ನಿಮಿಷ ಹಿಡಿಯಿತು, ಯಾಕೆಂದರೆ ಯಾವುದೂ ಇರಬೇಕಾದ ಕಡೆ ಇರಲಿಲ್ಲ. ಡಬ್ಲ್ಯುಪಿಎಸ್ ಸ್ವಿಚ್ ಅಡ್ವಾನ್ಸ್ಡ್ ಮೆನುವಿನ ಮೂರನೇ ಪದರದಲ್ಲಿತ್ತು. ಅಷ್ಟು ಒಳಗೆ ಇಟ್ಟಿರುವುದು ನನಗೆ ಬೇಸರ ತಂದಿತು, ಯಾಕೆಂದರೆ ಅದು ಸಣ್ಣ ವಿಷಯವಲ್ಲ. ಡಬ್ಲ್ಯುಪಿಎಸ್ ಪಿನ್ 8 ಅಂಕಿಯದು, ಆದರೆ ಕೊನೆಯ ಅಂಕಿ ಉಳಿದವುಗಳಿಂದ ಲೆಕ್ಕ ಹಾಕಿ ಬಂದದ್ದು. ಜೊತೆಗೆ ರೌಟರ್ ಮೊದಲ ಅರ್ಧ ಸರಿಯೋ ತಪ್ಪೋ ಅಂತ ಬೇರೆಯಾಗಿಯೇ ಹೇಳಿಬಿಡುತ್ತದೆ. ಹಾಗಾಗಿ ಕೋಟಿ ಸಲ ಪ್ರಯತ್ನಿಸುವ ಬದಲು ಹೆಚ್ಚೆಂದರೆ 11,000 ಸಲ ಪ್ರಯತ್ನಿಸಿದರೆ ಸಾಕು. 2011ರಲ್ಲೇ ಇದು ಬಯಲಾಯಿತು. ನಮ್ಮ ವೈಫೈ ಪಾಸ್‌ವರ್ಡ್ ಎಷ್ಟೇ ಉದ್ದ ಇದ್ದರೂ ಈ ಪಿನ್ ದಾರಿ ತೆರೆದಿದ್ದರೆ ಪ್ರಯೋಜನವಿಲ್ಲ.

ಬ್ರೌಸರಿನ ದೊಡ್ಡ ದೌರ್ಬಲ್ಯ ಅಂದರೆ ಅದು ಬ್ರೌಸರ್ ಅನ್ನುವುದೇ. ಪಕ್ಕದ ಟ್ಯಾಬಿನ ಕೆಟ್ಟ ಪುಟ ನಮ್ಮ ಲಾಗಿನ್ ಬಳಸಿಕೊಳ್ಳಬಹುದು. ಅದಕ್ಕೆ ಈಗ ಬೇರೆಲ್ಲ ಟ್ಯಾಬ್ ಮುಚ್ಚಿ, ಪ್ರೈವೇಟ್ ವಿಂಡೋದಲ್ಲಿ ರೌಟರ್ ತೆರೆದು, ಮುಗಿದ ಮೇಲೆ ಲಾಗೌಟ್ ಒತ್ತುತ್ತೇನೆ. ಸುಮ್ನೆ ಟ್ಯಾಬ್ ಮುಚ್ಚಿದರೆ ಲಾಗೌಟ್ ಆಯಿತು ಅಂತ ಅಲ್ಲ.

ಆ್ಯಪ್

ವೇಗದಲ್ಲಿ ಆ್ಯಪ್‌ಗೆ ಸಾಟಿಯಿಲ್ಲ. 4 ನಿಮಿಷದಲ್ಲಿ ಮನೆಗೆ ಇಂಟರ್ನೆಟ್ ಬಂತು. ಬ್ರೌಸರಿನಲ್ಲಿ ಹಳೆಯ ಪಾಸ್‌ವರ್ಡ್ ಇಟ್ಟುಕೊಂಡೇ ಮುಂದೆ ಹೋಗಲು ಬಿಟ್ಟಿದ್ದ ಅದೇ ರೌಟರ್, ಆ್ಯಪ್‌ನಲ್ಲಿ ಹೊಸದು ಹಾಕದೆ ಒಂದು ಹೆಜ್ಜೆಯೂ ಬಿಡಲಿಲ್ಲ. ಇದು ನನಗೆ ತುಂಬ ಇಷ್ಟವಾಯಿತು. ಫರ್ಮ್‌ವೇರ್ ಅಪ್‌ಡೇಟ್ ಇದೆ ಅಂತ ತಾನೇ ಹೇಳಿತು. ಹೊಸ ಸಾಧನ ಯಾವುದಾದರೂ ವೈಫೈ ಸೇರಿದರೆ ಫೋನಿಗೆ ಸೂಚನೆ ಬರುತ್ತದೆ. ಬ್ರೌಸರಿನಲ್ಲಿ ಇದು ನಾವಾಗಿ ಹೋಗಿ ನೋಡಿದರೆ ಮಾತ್ರ ಗೊತ್ತಾಗುವ ವಿಷಯ.

ಆದರೆ ಮೊದಲ ಪರದೆಯಲ್ಲೇ ಇಮೇಲ್ ಕೊಟ್ಟು ಖಾತೆ ತೆರೆಯಿರಿ ಅಂದಿತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಬ್ರೌಸರಿನಲ್ಲಿ ಹೋದಾಗ ರೌಟರಿನ ಬೀಗದ ಕೈ ನನ್ನೊಬ್ಬನ ಹತ್ತಿರ ಇರುತ್ತದೆ. ಖಾತೆ ತೆರೆದ ಮೇಲೆ ಇನ್ನೊಂದು ಕೈ ಕಂಪನಿಯ ಸರ್ವರಿನಲ್ಲೂ ಇರುತ್ತದೆ. ನಾನು ಎಲ್ಲಿಂದ ಬೇಕಾದರೂ ರೌಟರ್ ನೋಡಬಹುದು ಅಂದರೆ, ನನ್ನ ಖಾತೆಯ ಪಾಸ್‌ವರ್ಡ್ ಕದ್ದವರೂ ಎಲ್ಲಿಂದ ಬೇಕಾದರೂ ನೋಡಬಹುದು. ಬೇರೆ ಸೈಟಿಗೆ ಇಟ್ಟ ಪಾಸ್‌ವರ್ಡನ್ನೇ ಇಲ್ಲೂ ಇಡುವುದು ಇದಕ್ಕೇ ಅಪಾಯ. ಎರಡು ಹಂತದ ದೃಢೀಕರಣ ಇದ್ದರೆ ಮರೆಯದೆ ಆನ್ ಮಾಡಿ.

ಐದು ಕೆಲಸದಲ್ಲಿ ಆ್ಯಪ್‌ನಲ್ಲಿ ಆದದ್ದು ಎರಡೇ: ಪಾಸ್‌ವರ್ಡ್ ಮತ್ತು ಫರ್ಮ್‌ವೇರ್. ಡಬ್ಲ್ಯುಪಿಎಸ್ ಸ್ವಿಚ್ ಅಲ್ಲಿ ಇರಲೇ ಇಲ್ಲ. ಡಿಎನ್‌ಎಸ್ ಕೂಡ ಕಾಣಲಿಲ್ಲ. ನನ್ನ ಮನೆಗೆ ತೊಂದರೆ ಬಂದದ್ದೇ ಡಿಎನ್‌ಎಸ್‌ನಿಂದ. ನಾನು ಆ್ಯಪ್ ಒಂದನ್ನೇ ನಂಬಿದ್ದರೆ ಆ ಎರಡು ವಿಳಾಸ ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹೊರಗಿನ ದಾರಿ ಮುಚ್ಚುವ ಮಾತಂತೂ ಇಲ್ಲ, ಆ್ಯಪ್ ನಿಂತಿರುವುದೇ ಆ ದಾರಿಯ ಮೇಲೆ.

ಪ್ರಯೋಗ ಮುಗಿಯಿತು ಅಂತ ಆ್ಯಪನ್ನು ಫೋನಿಂದ ತೆಗೆದುಹಾಕಿದೆ. ಒಂದು ವಾರದ ಮೇಲೆ ಬ್ರೌಸರಿನಲ್ಲಿ ಹೋದರೆ ನನ್ನ ಖಾತೆ ರೌಟರಿಗೆ ಇನ್ನೂ ಅಂಟಿಕೊಂಡೇ ಇತ್ತು. ಆ್ಯಪ್ ತೆಗೆದರೆ ಫೋನಿನ ಜಾಗ ಖಾಲಿಯಾಗುತ್ತದೆ ಅಷ್ಟೇ, ಕಂಪನಿಯ ಕಡೆಯ ನಂಟು ಹೋಗುವುದಿಲ್ಲ. ಆ ಕಂಪನಿ ಇದನ್ನು ಎಲ್ಲೂ ಹೇಳಿರಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನು ಬೇರ್ಪಡಿಸುವ ಬಟನ್ ಹುಡುಕಿ ಒತ್ತಿದ ಮೇಲಷ್ಟೇ ಅದು ನಿಂತಿತು.

ಎಸ್‌ಎಸ್‌ಎಚ್

ಇದು ಎಲ್ಲರಿಗೂ ಬೇಕಾದ ದಾರಿಯಲ್ಲ. ಆದರೆ ಉಳಿದೆರಡು ಕೊಡದ ಒಂದನ್ನು ಇದು ಕೊಡುತ್ತದೆ: ರೌಟರಿನ ಎಲ್ಲ ಸೆಟ್ಟಿಂಗ್ಸ್ ಅಕ್ಷರ ರೂಪದಲ್ಲಿ ಕಣ್ಣ ಮುಂದೆ ಇರುತ್ತವೆ. ಎಲ್ಲ ಸರಿಯಿದ್ದ ದಿನ ಒಂದು ಪ್ರತಿ ತೆಗೆದಿಟ್ಟೆ. ತಿಂಗಳಾದ ಮೇಲೆ ಇನ್ನೊಂದು ಪ್ರತಿ ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದೆ. ಒಂದು ಸಾಲು ಬದಲಾಗಿದ್ದರೂ ತಿಳಿಯುತ್ತದೆ. ಮೊದಲೇ ಹೀಗೆ ಮಾಡಿದ್ದರೆ ಡಿಎನ್‌ಎಸ್ ಬದಲಾದದ್ದು ನನಗೆ ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಓಪನ್‌ಡಬ್ಲ್ಯುಆರ್‌ಟಿ ಹಾಕಿದ ಹೊಸತರಲ್ಲಿ ನನ್ನ ರೌಟರಿನ ರೂಟ್ (ಎಲ್ಲ ಅಧಿಕಾರ ಇರುವ) ಖಾತೆಗೆ ಪಾಸ್‌ವರ್ಡೇ ಇರಲಿಲ್ಲ. ಅದಕ್ಕೆ ಇಂಟರ್ನೆಟ್ ಕೇಬಲ್ ಸಿಕ್ಕಿಸುವ ಮೊದಲೇ ಪಾಸ್‌ವರ್ಡ್ ಇಟ್ಟೆ. ಆಮೇಲೆ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಬದಲು ಬಳಸುವ ಗುರುತಿನ ಫೈಲ್) ಮಾಡಿಕೊಂಡು, ಪಾಸ್‌ವರ್ಡ್‌ನಿಂದ ಲಾಗಿನ್ ಆಗುವುದನ್ನೇ ನಿಲ್ಲಿಸಿದೆ. ಈಗ ಕೀ ಇರುವ ಲ್ಯಾಪ್‌ಟಾಪಿಗೆ ಮಾತ್ರ ಬಾಗಿಲು ತೆರೆಯುತ್ತದೆ. ಐದೂ ಕೆಲಸಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಅದರಲ್ಲಿ ಒಂದು ಗಂಟೆ, ಫೈರ್‌ವಾಲ್‌ನಲ್ಲಿ (ಯಾರನ್ನು ಒಳಗೆ ಬಿಡಬೇಕು ಅನ್ನುವ ನಿಯಮಗಳಲ್ಲಿ) ಒಂದು ಸಾಲು ತಪ್ಪಿ ನಾನೇ ಹೊರಗುಳಿದದ್ದಕ್ಕೆ. ಬೂಟ್ ಆಗುವಾಗ ಬಟನ್ ಒತ್ತಿ ಫೇಲ್‌ಸೇಫ್ ಮೋಡ್‌ಗೆ ಹೋಗಿ ಸರಿಪಡಿಸಿದೆ.

ನಿಮ್ಮ ರೌಟರಿನಲ್ಲಿ ಟೆಲ್‌ನೆಟ್ ಅನ್ನುವ ಆಯ್ಕೆ ಕಂಡರೆ ಅದು ಎಸ್‌ಎಸ್‌ಎಚ್‌ನ ಅಣ್ಣ ಅಂತ ನಂಬಬೇಡಿ. ಅದರಲ್ಲಿ ಪಾಸ್‌ವರ್ಡ್ ಗೂಢಲಿಪಿ ಇಲ್ಲದೆ, ಯಾರಾದರೂ ಓದಬಹುದಾದ ಹಾಗೆಯೇ ಸಾಗುತ್ತದೆ. 2016ರಲ್ಲಿ ಮಿರಾಯ್ ಅನ್ನುವ ಕುತಂತ್ರಾಂಶ ಕ್ಯಾಮೆರಾ, ರೌಟರುಗಳಿಗೆ ನುಗ್ಗಿದ್ದು ಟೆಲ್‌ನೆಟ್ ಮೂಲಕವೇ. ಅದರ ಹತ್ತಿರ ಇದ್ದದ್ದು ಕಾರ್ಖಾನೆಯಿಂದಲೇ ಬರುವ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ.

ಮನೆಯಿಂದ ಹೊರಗಿದ್ದಾಗ

ಹೊರಗಿನಿಂದ ರೌಟರ್ ಮುಟ್ಟಬೇಕಾದ ಅಗತ್ಯ ಹೆಚ್ಚಿನವರಿಗೆ ಇಲ್ಲ. ಆದರೂ ನೋಡಿದೆ. ಓಪನ್‌ಡಬ್ಲ್ಯುಆರ್‌ಟಿ ರೌಟರಿನಲ್ಲಿ ಒಂದು ರಾತ್ರಿ 22ನೇ ಪೋರ್ಟನ್ನು (ಎಸ್‌ಎಸ್‌ಎಚ್ ಬಳಸುವ ಬಾಗಿಲು) ಹೊರಗಿನ ಜಗತ್ತಿಗೆ ತೆರೆದಿಟ್ಟೆ. ಬೆಳಿಗ್ಗೆ ಲಾಗ್ ನೋಡಿದರೆ ಗುರುತಿಲ್ಲದ ವಿಳಾಸಗಳಿಂದ ಸಾಲು ಸಾಲು ಲಾಗಿನ್ ಪ್ರಯತ್ನ. ಯಾವುದೂ ಗೆಲ್ಲಲಿಲ್ಲ, ಆದರೆ ಅಷ್ಟು ಜನ ಬಾಗಿಲು ತಟ್ಟುತ್ತಿದ್ದಾರೆ ಅಂತ ಕಣ್ಣಾರೆ ಕಂಡಾಗ ಎದೆ ಝಲ್ ಅಂದಿತು. ಪೋರ್ಟ್ ಮುಚ್ಚಿ ವೈರ್‌ಗಾರ್ಡ್ ಅನ್ನುವ ವಿಪಿಎನ್ (ಹೊರಗಿನಿಂದ ಮನೆಯ ನೆಟ್‌ವರ್ಕಿಗೆ ಗೂಢಲಿಪಿಯ ಸುರಂಗ) ಹಾಕಿದೆ. ಸರಿಯಾದ ಕೀ ಇಲ್ಲದವರು ತಟ್ಟಿದರೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ, ಒಳಗೆ ಯಾರಾದರೂ ಇದ್ದಾರೆ ಅಂತಲೂ ತಿಳಿಯುವುದಿಲ್ಲ. ಆದರೆ ಇದಕ್ಕೆ ಮನೆಯ ಸಂಪರ್ಕಕ್ಕೆ ಹೊರಗಿನಿಂದ ತಲುಪಬಹುದಾದ ಸ್ವಂತ ಐಪಿ ಬೇಕು. ಕೆಲವು ಇಂಟರ್ನೆಟ್ ಕಂಪನಿಗಳು ತುಂಬ ಗ್ರಾಹಕರನ್ನು ಒಂದೇ ಐಪಿಯ ಹಿಂದೆ ಕೂರಿಸುತ್ತವೆ. ಅಲ್ಲಿ ಸುಲಭಕ್ಕೆ ಉಳಿಯುವುದು ಆ್ಯಪ್ ದಾರಿಯೇ.

ವೈಫೈ ಹೆಸರು ಬಚ್ಚಿಡುವುದು, ಮ್ಯಾಕ್ ವಿಳಾಸ (ಪ್ರತಿ ಸಾಧನದ ಗುರುತಿನ ಸಂಖ್ಯೆ) ನೋಡಿ ಒಳಗೆ ಬಿಡುವುದು, ಇವೆರಡನ್ನೂ ಮಾಡಿ ನೋಡಿ ಕೈಬಿಟ್ಟೆ. ಹೆಸರೂ ಮ್ಯಾಕ್ ವಿಳಾಸವೂ ಗಾಳಿಯಲ್ಲಿ ಬಯಲಾಗಿಯೇ ಹಾರಾಡುತ್ತವೆ. ನಮಗೆ ಕಿರಿಕಿರಿ ಜಾಸ್ತಿ, ಕಳ್ಳರಿಗೆ ತಡೆ ಕಡಿಮೆ.

ಈಗ ಮನೆಯಲ್ಲಿ ಏನಿದೆ

ಆ ಮೊದಲ ರೌಟರಿಗೆ ಸಿಕ್ಕ ಕೊನೆಯ ಫರ್ಮ್‌ವೇರ್ ಮೂರು ವರ್ಷ ಹಳೆಯದು. ಅದನ್ನು ಕೆಲಸದಿಂದ ಇಳಿಸಿದೆ. 2018ರಲ್ಲಿ ವಿಪಿಎನ್‌ಫಿಲ್ಟರ್ ಅನ್ನುವ ಕುತಂತ್ರಾಂಶ 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ಸಾಧನಗಳಿಗೆ ಹಬ್ಬಿದಾಗ, ರೌಟರುಗಳನ್ನು ರೀಬೂಟ್ ಮಾಡಿ, ಫರ್ಮ್‌ವೇರ್ ಹೊಸದು ಹಾಕಿ ಅಂತ ಅಮೆರಿಕದ ಎಫ್‌ಬಿಐ ಜನರನ್ನು ಕೇಳಿಕೊಂಡಿತ್ತು. ಹೊಸ ಫರ್ಮ್‌ವೇರೇ ಬರದ ರೌಟರಿಗೆ ಅಂಥ ಹೊತ್ತಿನಲ್ಲಿ ಏನು ಹಾಕುವುದು?

ನನ್ನ ಮನೆಯಲ್ಲಿ ಈಗ ಕೇಬಲ್ ಮತ್ತು ಬ್ರೌಸರ್, ತಿಂಗಳಿಗೊಮ್ಮೆ ಎಸ್‌ಎಸ್‌ಎಚ್‌ನಿಂದ ಒಂದು ಪ್ರತಿ. ಅಪ್ಪ ಅಮ್ಮನ ಮನೆಯಲ್ಲಿ ಮಾತ್ರ ಆ್ಯಪನ್ನೇ ಉಳಿಸಿದೆ. ಅವರು ಬ್ರೌಸರಿನಲ್ಲಿ ಗೇಟ್‌ವೇ ಹುಡುಕುತ್ತಾ ಕೂರುವವರಲ್ಲ. ಅಪ್‌ಡೇಟ್ ಬಂತು ಅಂತ ಫೋನ್ ಹೇಳಿದರೆ ಒತ್ತುತ್ತಾರೆ, ಅದು ದೊಡ್ಡ ಲಾಭ. ಖಾತೆಗೆ ಎರಡು ಹಂತದ ದೃಢೀಕರಣ ಹಾಕಿದ್ದೇನೆ. ಡಬ್ಲ್ಯುಪಿಎಸ್, ಡಿಎನ್‌ಎಸ್ ಎರಡನ್ನೂ ಒಮ್ಮೆ ಕೇಬಲ್ ಹಾಕಿ ಬ್ರೌಸರಿನಲ್ಲೇ ನೋಡಿ ಬಂದೆ.

ಹೋದ ವಾರ ಅಲ್ಲಿ ಇಂಟರ್ನೆಟ್ ನಿಧಾನವಾಯಿತು ಅಂತ ಯಾರೋ ರೌಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಚುಚ್ಚಿ ಹತ್ತು ಸೆಕೆಂಡ್ ಒತ್ತಿ ಹಿಡಿದಿದ್ದಾರೆ. ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳಿತು, ಸ್ಟಿಕರ್ ಪಾಸ್‌ವರ್ಡೂ ಡಬ್ಲ್ಯುಪಿಎಸ್ಸೂ ಮತ್ತೆ ಬಂದವು. ಆ್ಯಪ್‌ನಲ್ಲಿ ಬ್ಯಾಕಪ್ ಇರಲಿಲ್ಲ. ಬ್ರೌಸರಿನಿಂದ ಇಳಿಸಿಟ್ಟ ಬ್ಯಾಕಪ್ ಫೈಲ್ ನನ್ನ ಹತ್ತಿರ ಇತ್ತು. ಅದರೊಳಗೆ ಪಾಸ್‌ವರ್ಡ್‌ಗಳೂ ಇರುವುದರಿಂದ ಅದನ್ನು ಮೇಲ್‌ನಲ್ಲಿ ಕಳಿಸದೆ ಪೆನ್‌ಡ್ರೈವ್‌ನಲ್ಲಿ ತೆಗೆದುಕೊಂಡು ಹೋದೆ. ಎರಡೇ ನಿಮಿಷದಲ್ಲಿ ಎಲ್ಲ ಮೊದಲಿನಂತಾಯಿತು.